ಪದಚರ್ಚೆ: ವಿಂಟೇಜ್, ಕ್ಲಾಸಿಕ್, ಪರ್ಫಾರ್ಮನ್ಸ್, ಆಫ್‌ರೋಡ್ – ಫಲಕಕ್ಕೆ ಕನ್ನಡ ಬೇಕು, ತುರ್ತು

ಫಲಕದವ, ಹುಬ್ಬಳ್ಳಿ:
ಕಾರು ಪ್ರದರ್ಶನಕ್ಕೆ ನಾಲ್ಕು ಫಲಕ ಬರೆಸಬೇಕು. ಪೇಂಟರ್ ನಾಳೆ ಮಧ್ಯಾಹ್ನ ಬರುತ್ತಾನೆ. ಫಲಕ ನಾಲ್ಕಡಿ ಅಗಲ, ಸಾಲಿಗೆ ಹತ್ತು ಅಕ್ಷರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಕೈಯಲ್ಲಿರುವ ಕರಡು: ಪ್ರಾಚೀನ ಕಾರುಗಳು, ಶ್ರೇಷ್ಠ ಕಾರುಗಳು, ಪ್ರದರ್ಶನ ಕಾರುಗಳು, ರಸ್ತೆರಹಿತ ವಾಹನಗಳು. ಪಕ್ಕದ ಎರಿಹೊಲದಲ್ಲಿ ಜೀಪು ಓಡಿಸುವವರಿಗೆ ಒಂದು ಎಚ್ಚರಿಕೆಯೂ ಬೇಕು: "ಡಾಂಬರಿನ ಮೇಲೆ ನಾಲ್ಕು ಚಕ್ರ ಚಾಲನೆಯನ್ನು ತೊಡಗಿಸಬೇಡಿ." ದಯವಿಟ್ಟು ತಿದ್ದಿ.

ಕರಡುತಿದ್ದು, ಧಾರವಾಡ:
ಯಂತ್ರಾನುವಾದದ ವಾಸನೆ ಹೊಡೆಯುತ್ತಿದೆ. ಮೂರನೆಯದು "ಪ್ರದರ್ಶನ ಕಾರು" ಆದರೆ ಉಳಿದ ಮೂರು ಸಾಲಿನವನ್ನು ಏನು ಮುಚ್ಚಿಡುತ್ತೀರಾ? "ರಸ್ತೆರಹಿತ ವಾಹನ" ಎಂದರೆ ರಸ್ತೆಯೇ ಇಲ್ಲದ ವಾಹನ, ವಿದ್ಯುತ್‌ರಹಿತ ಊರಿದ್ದಂತೆ. "ಪ್ರಾಚೀನ" ಲಕ್ಕುಂಡಿಯ ಗುಡಿಗೆ ಒಪ್ಪುತ್ತದೆ, ಅಂಬಾಸಡರಿಗಲ್ಲ. "ಶ್ರೇಷ್ಠ" ಅಂತ ಒಂದು ಸಾಲಿಗೆ ಬರೆದರೆ ಉಳಿದ ಮಾಲೀಕರು ಜಗಳಕ್ಕೇ ಬಂದಾರು.

ಅಚ್ಚಗನ್ನಡ, ಹಾವೇರಿ:
ಹಳಮೆಬಂಡಿ, ಮೇಲ್ಪಂಕ್ತಿ ಬಂಡಿ, ಕಸುವಿನ ಬಂಡಿ, ಕಾಡುಬಂಡಿ. ಮುಗಿಯಿತು. ವಿಂಟೇಜ್ ಎಂಬುದರ ಬೇರು ಲ್ಯಾಟಿನ್ನಿನ ವಿಂಡೇಮಿಯ, ಅಂದರೆ ದ್ರಾಕ್ಷಿ ಕೊಯ್ಲು. ದ್ರಾಕ್ಷಾರಸದ ಮಾತನ್ನು ಕಾರಿಗೆ ಅಂಟಿಸಿದವರು ಅವರು. ಅದನ್ನು ನಾವು ಹೊರಬೇಕಿಲ್ಲ. ಕಾರು ಎಂಬ ಪದವನ್ನೂ ಬಿಡಿ.

ಕರಡುತಿದ್ದು, ಧಾರವಾಡ:
"ಮೇಲ್ಪಂಕ್ತಿ"ಯ ಪಂಕ್ತಿ ಯಾವ ಅಚ್ಚಗನ್ನಡ ಸ್ವಾಮಿ?

ಪಾನಾ, ಗದಗ:
ಪದ ಆಮ್ಯಾಲೆ ಹುಡುಕ್ರಿ, ಮೊದಲ ಯಾವ ಗಾಡಿ ಯಾವ ಸಾಲಿಗೆ ಅನ್ನೂದು ನೋಡ್ರಿ. ಸಂಗ್ರಾಹಕರ ಲೆಕ್ಕದಾಗ ವಿಂಟೇಜ್ ಅಂದ್ರ 1919ರಿಂದ 1930. ಸರ್ಕಾರದ ಲೆಕ್ಕ ಬ್ಯಾರೆ: 2021ರ ಜುಲೈದಾಗ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮೊದಲ ನೋಂದಣಿ ಆಗಿ 50 ವರ್ಷ ದಾಟಿದ್ದು ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನ್ಯಾಗ "ವಿಎ" ಸರಣಿ. ಹಂಗಾಗಿ 1964ರ ಫಿಯಟ್ 1100 ಡಿ ಸಂಗ್ರಾಹಕರಿಗೆ ಕ್ಲಾಸಿಕ್, ಆರ್‌ಟಿಓಗೆ ವಿಂಟೇಜ್. ಅಂಬಾಸಡರ್ 1957ರಿಂದ 2014ರ ತನಕ ಬಂತು, ಮೂತಿ ನೋಡಿ ಸಾಲು ಹೇಳಾಕ ಆಗಂಗಿಲ್ಲ. ಆರ್‌ಸಿ ನೋಡ್ರಿ.

ಇನ್ನೊಂದು. ನಮ್ಮ ಕಡೆ ಭಾಳ ಅಂಬಾಸಡರಿಗೂ ಜೀಪಿಗೂ ಪೆಟ್ರೋಲ್ ಎಂಜಿನ್ ಇಳಿಸಿ ಮಟಾಡೋರಿನ ಡೀಸೆಲ್ ಕೂಡ್ರಿಸ್ಯಾರ. ಆ ನಿಯಮದಾಗ ಚಾಸಿ, ಬಾಡಿ, ಎಂಜಿನ್ ಮೂಲದ್ದ ಇರಬೇಕು. ಬಾನೆಟ್ ಎತ್ತಿ ನೋಡದ ವಿಂಟೇಜ್ ಸಾಲಿಗೆ ನಿಲ್ಲಿಸಬ್ಯಾಡ್ರಿ. ನನ್ನ ಕೇಳಿದ್ರ ಫಲಕದ ಮ್ಯಾಲೆ ಪದಾನ ಬ್ಯಾಡ, ಇಸವಿ ಬರೀರಿ: "1930ರ ತನಕ", "1931ರ ನಂತರ". ಯಾರೂ ತಕರಾರು ತೆಗಿಯಂಗಿಲ್ಲ.

ಅಚ್ಚಗನ್ನಡ, ಹಾವೇರಿ:
ಅಂಕಿ ಬರೆದು ಪದದಿಂದ ತಪ್ಪಿಸಿಕೊಳ್ಳುವುದು ಸೋಲು. "ಕಸುವಿನ ಬಂಡಿ"ಗೆ ಏನಾಗಿದೆ?

ಪಾನಾ, ಗದಗ:
ಕಸುವು ಟ್ರ್ಯಾಕ್ಟರಿಗೂ ಐತಿ. ಕಸುವು ಅಂದ್ರ ಎಳೆತ, ಅದು ಟಾರ್ಕಿಗೆ ಹೊಂದತೈತಿ. ಪರ್ಫಾರ್ಮನ್ಸ್ ಅಂದ್ರ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಜಿಗೀಬೇಕು, ಬ್ರೇಕ್ ಹಿಡಿದ್ರ ನೆಟ್ಟಗ ನಿಲ್ಲಬೇಕು, ತಿರುವಿನ್ಯಾಗ ಬಾಡಿ ವಾಲಬಾರದು. ಹಳೇ ಹೋಂಡಾ ಸಿಟಿ ವಿಟೆಕ್ 1.5 ಲೀಟರಿನ್ಯಾಗ 106 ಎಚ್‌ಪಿ ಕೊಡ್ತಿತ್ತು. ಅದರ ಮಜಾ ಮ್ಯಾಲಿನ ಆರ್‌ಪಿಎಂದಾಗ. ಕೆಳಗಿನ ಆರ್‌ಪಿಎಂದಾಗ ಎಳೆತ ನೋಡಿದ್ರ ಡೀಸೆಲ್ ಜೀಪ ಮುಂದ. "ಚುರುಕು ಕಾರು" ಅನ್ರಿ.

ಕರಡುತಿದ್ದು, ಧಾರವಾಡ:
"ಚುರುಕು" ಸರಿ. "ಬಂಡಿ" ಈ ಭಾಗದಲ್ಲಿ ಎತ್ತು ಕಟ್ಟಿದ್ದು. ಹಳಮೆಬಂಡಿ ಎಂದರೆ ಜನ ಕೊಲ್ಲಾರಿ ನೋಡಲು ಬಂದಾರು. ಆಫ್‌ರೋಡಿಗೆ "ಅಡ್ಡದಾರಿ" ಎನ್ನುವಂತಿಲ್ಲ, ಹಿಡಿದವರ ಮರ್ಯಾದೆ ಹೋಗುತ್ತದೆ. "ಚಕ್ಕಡಿ ದಾರಿ" ಇದೆಯಲ್ಲ, ನವಲಗುಂದದ ಕಡೆ ಇಂದಿಗೂ ಬಳಕೆಯಲ್ಲಿದೆ.

ಪಾನಾ, ಗದಗ:
ಚಕ್ಕಡಿ ದಾರಿ ಒಣಗಿದ್ರ ಸ್ಕೂಟರೂ ಹೊಕ್ಕತೈತಿ. ಎತ್ತರದ ಗಾಡಿ ಎಲ್ಲಾ ಆ ಸಾಲಿಗೆ ಬರಂಗಿಲ್ಲ. ಎಂಜಿನ್ನಿನ ಓಟ ಮುಂದಿನ, ಹಿಂದಿನ ಚಕ್ರಕ್ಕ ಹಂಚೂ ಟ್ರಾನ್ಸ್‌ಫರ್ ಕೇಸಿನ್ಯಾಗ ಲೋ ರೇಂಜ್, ಅಂದ್ರ ನಿಧಾನಕ್ಕ ಜೋರು ಎಳಿಯೂ ಗೇರು, ಇದ್ದದ್ದಷ್ಟ ನಿಲ್ಲಿಸ್ರಿ: ಜಿಪ್ಸಿ, ಥಾರ್, ಗೂರ್ಖಾ, ಹಳೇ ಸಿಜೆ ಜೀಪು. ಥಾರಿನ್ಯಾಗೂ ಬರೇ ಹಿಂದಿನ ಚಕ್ರಕ್ಕ ಓಟ ಕೊಡೂ ಮಾಡೆಲ್ ಅದಾವು, ಗೇರಿನ ಪಕ್ಕ ಎರಡನೇ ಲಿವರ್ ಐತೇನು ನೋಡ್ರಿ. ಫಲಕಕ್ಕ "ಫೋರ್ ಬೈ ಫೋರ್" ಸಾಕು, ಎಲ್ಲಾರಿಗೂ ತಿಳೀತೈತಿ.

ಎಚ್ಚರಿಕೆಗೆ "ತೊಡಗಿಸಬೇಡಿ" ಬ್ಯಾಡ. "ಡಾಂಬರಿಗೆ ಬರೂ ಮುಂಚೆ ಫೋರ್ ತಗೀರಿ" ಅನ್ರಿ. ಈ ಗಾಡಿಗಳಿಗೆ ನಡುವ ಡಿಫರೆನ್ಷಿಯಲ್, ಅಂದ್ರ ಮುಂದಿನ, ಹಿಂದಿನ ಚಕ್ರ ಬ್ಯಾರೆ ಬ್ಯಾರೆ ವೇಗದಾಗ ತಿರುಗಾಕ ಬಿಡೂ ಗೇರು, ಇರಂಗಿಲ್ಲ. ತಿರುವಿನ್ಯಾಗ ಮುಂದಿನ ಚಕ್ರ ದೊಡ್ಡ ಸುತ್ತು ಹೊಡಿತಾವು, ಹಿಂದಿನವು ಸಣ್ಣದು. ಟ್ರಾನ್ಸ್‌ಫರ್ ಕೇಸ್ ಎರಡನ್ನೂ ಒಂದಕ್ಕೊಂದು ಬಿಗಿದಿರತೈತಿ. ಎರಿ ಮಣ್ಣಿನ್ಯಾಗ ಟಾಯರ್ ಜಾರಿ ಆ ಬಿಗುವು ಸಡ್ಲಾಗತೈತಿ. ಡಾಂಬರ್ ಮ್ಯಾಲೆ ಜಾರಂಗಿಲ್ಲ, ಟಾಯರ್ ಕಿರಗುಡತಾವು, ಲಿವರ್ ಜಾಮ್ ಆಕ್ಕೈತಿ. ಬಡಿದು ತೆಗಿಯಾಕ ಹೋಗಬ್ಯಾಡ್ರಿ. ನೆಟ್ಟಗ ನಾಲ್ಕಾರು ಮೀಟರ್ ರಿವರ್ಸ್ ಬಂದ್ರ ತಾನ ಬಿಡತೈತಿ. ಜಿಪ್ಸಿಗೆ ಮುಂದಿನ ಚಕ್ರದ ನಡುವಿನ ಹಬ್‌ಗೆ ತಿರುಗುಣಿ ಇದ್ರ ಇಳಿದು ಅದನ್ನೂ "ಫ್ರೀ"ಗೆ ತಿರುವ್ರಿ.

ಅಚ್ಚಗನ್ನಡ, ಹಾವೇರಿ:
ಎರಡು ಪ್ಯಾರಾದಲ್ಲಿ ಎಷ್ಟು ಇಂಗ್ಲಿಷು ಎಣಿಸಿದಿರಾ? ಹೀಗೇ ಹೋದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಮಾತ್ರ.

ಪಾನಾ, ಗದಗ:
ಉಳೀಲಿ ಬಿಡ್ರಿ, ಅದ ಗಟ್ಟಿ ಭಾಗ. "ರಸ್ತೆ" ಪಾರ್ಸಿಯಿಂದ ಬಂತು, ನಿಮಗ ತ್ರಾಸ ಆಗಿಲ್ಲ. "ಸ್ಟೆಪ್ನಿ" ವೇಲ್ಸಿನ ಲನೆಲ್ಲಿ ಊರಾಗಿನ ಒಂದು ಓಣಿ ಹೆಸರು. ಅಲ್ಲಿ ಮಾಡಿದ ಚಕ್ರಕ್ಕ ಬಿದ್ದಿತ್ತು, ಈಗ ಇಂಗ್ಲಿಷರ ಮರ್ತಾರ, ನಾವು ಪಂಚರ್ ಆದಾಗೊಮ್ಮೆ ಅಂತೀವಿ.

ಫಲಕದವ, ಹುಬ್ಬಳ್ಳಿ:
ಪೇಂಟರಿಗೆ ಕಳಿಸಿದ್ದು: "1930ರ ತನಕ", "1931ರ ನಂತರ", "ಚುರುಕು ಕಾರು", "ಫೋರ್ ಬೈ ಫೋರ್". ಎಚ್ಚರಿಕೆ ಪಾನಾ ಅವರು ಹೇಳಿದಂತೆಯೇ. ಎಲ್ಲರಿಗೂ ಧನ್ಯವಾದ.

ಕರಡುತಿದ್ದು, ಧಾರವಾಡ:
ಚುರುಕು ಕಾರೂ 1931ರ ನಂತರದ್ದೇ ತಾನೆ? ಎರಡನೆಯ ಫಲಕಕ್ಕೆ ಕೊನೆಯ ಇಸವಿಯನ್ನೂ ಹಾಕಿಸಿ.