ದೇಶಮಟ್ಟದ ಆರೋಗ್ಯ ಸುಧಾರಣೆ: ಸಂವಹನದ ಕೆಲಸ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ ಕೇಳಿದವರು: ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ನಾನು ಬಹಳ ಕಾಲ ಪತ್ರಿಕೆಯಲ್ಲಿ ಆರೋಗ್ಯದ ಸುದ್ದಿ ಬರೆದವಳು. ಈಗ ಆರೋಗ್ಯ ಸಚಿವಾಲಯದ ಒಂದು ದೊಡ್ಡ ಸುಧಾರಣಾ ಯೋಜನೆಯಲ್ಲಿ ಸಂವಹನದ ಜವಾಬ್ದಾರಿ ಸಿಕ್ಕಿದೆ. ಅಂತರರಾಷ್ಟ್ರೀಯ ಸಾಲದ ಹಣ, ಐದು ವರ್ಷದ ಅವಧಿ, ಇಡೀ ದೇಶಕ್ಕೆ ಅನ್ವಯ. ಬದಲಾವಣೆ ಸಣ್ಣದಲ್ಲ. ಪ್ರತಿ ಕುಟುಂಬವೂ ಹತ್ತಿರದ ಒಬ್ಬ ಡಾಕ್ಟರ ಬಳಿ ಹೆಸರು ಬರೆಸಬೇಕು, ತುರ್ತು ಬಿಟ್ಟರೆ ಅವರ ಚೀಟಿ ಇಲ್ಲದೆ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗುವಂತಿಲ್ಲ, ಎಲ್ಲರ ಚಿಕಿತ್ಸೆಯ ದಾಖಲೆ ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ಬರುತ್ತದೆ, ಜೊತೆಗೆ ಕೆಲವು ಸಣ್ಣ ಆಸ್ಪತ್ರೆಗಳಲ್ಲಿ ಒಳರೋಗಿಗಳ ವಾರ್ಡ್ ಮುಚ್ಚಿ ಹಗಲು ಹೊತ್ತಿನ ಕ್ಲಿನಿಕ್ ಮಾಡುತ್ತಾರೆ.

ನನ್ನ ಕೆಲಸದ ಪಟ್ಟಿಯಲ್ಲಿ ಇರುವುದು ಲೋಗೊ, ವೆಬ್‌ಸೈಟ್, ಮೂರು ತಿಂಗಳಿಗೊಂದು ಸುದ್ದಿಪತ್ರ, ಕಿರುಚಿತ್ರ, ಪತ್ರಿಕಾಗೋಷ್ಠಿ, ಸೋಷಿಯಲ್ ಮೀಡಿಯಾ ಪೋಸ್ಟ್‌ಗಳು. ಮೇಲಿನವರಿಗೆ ಮೊದಲು ಒಂದು ದೊಡ್ಡ ಉದ್ಘಾಟನೆ ಆಗಬೇಕು. ವಾರ್ಡ್ ಮುಚ್ಚುವ ವಿಷಯ ಕಾನೂನು ಪಾಸ್ ಆಗುವ ತನಕ ಎತ್ತಲೇಬೇಡಿ ಅನ್ನುತ್ತಾರೆ. ನನಗೆ ಇದು ಸರಿ ಅನ್ನಿಸುತ್ತಿಲ್ಲ, ಆದರೆ ಬದಲಿಗೆ ಏನು ಮಾಡಬೇಕು ಅಂತ ಗಟ್ಟಿಯಾಗಿ ಹೇಳುವಷ್ಟು ಅನುಭವವೂ ಇಲ್ಲ. ಇಂಥ ಯೋಜನೆಗಳಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ: ಮೊದಲ ಕೆಲವು ತಿಂಗಳು ಯಾವುದಕ್ಕೆ ಕೊಡಬೇಕು? ಕಹಿ ಸುದ್ದಿಯನ್ನು ಯಾವಾಗ ಹೇಳಬೇಕು? ನಮ್ಮ ಕೆಲಸ ನಡೆಯುತ್ತಿದೆ ಅಂತ ಅಳೆಯುವುದು ಹೇಗೆ?

ಉತ್ತರ: ಕೌಂಟರ್‌ಪಕ್ಕ

ಉದ್ಘಾಟನೆಯನ್ನು ಆದಷ್ಟು ಮುಂದೂಡಿ ಮೇಡಂ. ಇದು ನನ್ನ ಮೊದಲ ಮಾತು. ಜನ ಟಿವಿಯಲ್ಲಿ ನೋಡಿ ಮರುದಿನ ಕ್ಲಿನಿಕ್‌ಗೆ ಬಂದು ಕೇಳುತ್ತಾರೆ, ಅಲ್ಲಿ ಕೂತ ನರ್ಸ್‌ಗೋ ನೋಂದಣಿ ಗುಮಾಸ್ತರಿಗೋ ಅದರ ಬಗ್ಗೆ ಏನೂ ಗೊತ್ತಿರುವುದಿಲ್ಲ. "ನಮಗೆ ಇನ್ನೂ ಆದೇಶ ಬಂದಿಲ್ಲ" ಅನ್ನುತ್ತಾರೆ. ಆ ಒಂದು ಮಾತಿಗೆ ನಿಮ್ಮ ಇಡೀ ಪ್ರಚಾರ ಬಿದ್ದುಹೋಗುತ್ತದೆ, ಯಾಕೆಂದರೆ ಜನ ಸಚಿವರ ಭಾಷಣಕ್ಕಿಂತ ಆ ನರ್ಸ್ ಮಾತನ್ನೇ ಜಾಸ್ತಿ ನಂಬುತ್ತಾರೆ, ನಂಬಬೇಕಾದದ್ದೂ ಹಾಗೇ.

ಆದ್ದರಿಂದ ನಿಮ್ಮ ಮೊದಲ ಓದುಗರು ಸಾರ್ವಜನಿಕರಲ್ಲ. ಕೌಂಟರ್‌ನಲ್ಲಿ ಕೂರುವವರು, ನರ್ಸ್‌ಗಳು, ಔಷಧಿ ಕೊಡುವವರು, ಆಂಬುಲೆನ್ಸ್ ಚಾಲಕರು, ಆಸ್ಪತ್ರೆಯ ಕಾವಲುಗಾರರೂ ಕೂಡ. ಕಾವಲುಗಾರರನ್ನು ಎಲ್ಲರೂ ಮರೆಯುತ್ತಾರೆ, ಆದರೆ ಗೇಟಿನಲ್ಲಿ ಮೊದಲ ಪ್ರಶ್ನೆ ಬರುವುದು ಅವರಿಗೇ. ಇವರ ಕೈಗೆ ಒಂದೇ ಪುಟದ ಪ್ರಶ್ನೋತ್ತರ ಕೊಡಿ. ಯೋಜನೆಯ ಉದ್ದೇಶ, ದೃಷ್ಟಿಕೋನ ಇವೆಲ್ಲ ಅದರಲ್ಲಿ ಬೇಡ. ಚೀಟಿ ಇಲ್ಲದೆ ಬಂದವರನ್ನು ಏನು ಮಾಡಬೇಕು, ಡಾಕ್ಟರ್ ರಜೆಯಲ್ಲಿದ್ದರೆ ಚೀಟಿ ಯಾರು ಕೊಡುತ್ತಾರೆ, ಊರು ಬಿಟ್ಟು ಬೇರೆ ಕಡೆ ದುಡಿಯುವವರು ಎಲ್ಲಿ ಹೆಸರು ಬರೆಸಬೇಕು, ಗರ್ಭಿಣಿಗೆ ರಾತ್ರಿ ನೋವು ಬಂದರೆ ಅದು ತುರ್ತು ಹೌದೋ ಅಲ್ಲವೋ ಎಂಬಂಥ ಪ್ರಶ್ನೆಗಳು ಇರಲಿ. ಇದನ್ನು ಬರೆಯಲು ಕೂತಾಗ ಒಂದು ವಿಷಯ ಗೊತ್ತಾಗುತ್ತದೆ: ಅರ್ಧ ಪ್ರಶ್ನೆಗಳಿಗೆ ಸಚಿವಾಲಯದಲ್ಲೇ ಉತ್ತರ ಇರುವುದಿಲ್ಲ. ಆ ಉತ್ತರ ಇಲ್ಲದ ಪಟ್ಟಿಯನ್ನೇ ನೀತಿ ಮಾಡುವವರ ಮುಂದೆ ಇಡಿ. ಸಂವಹನದವರು ಯೋಜನೆಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಅದು.

ಥಾಯ್ಲೆಂಡ್ ಕಥೆ ಓದಿದ್ದೀರಾ? ಎಲ್ಲರಿಗೂ ಚಿಕಿತ್ಸೆ ಸಿಗುವ ಆರೋಗ್ಯ ಯೋಜನೆಯನ್ನು ಅಲ್ಲಿ 2001ರಲ್ಲಿ ಕೆಲವು ಪ್ರಾಂತ್ಯಗಳಲ್ಲಿ ಶುರು ಮಾಡಿ 2002ರ ಹೊತ್ತಿಗೆ ದೇಶದ ತುಂಬ ತಂದರು. ಅದೇ ವರ್ಷ ಕಾನೂನೂ ಆಯಿತು. ಜನರಿಗೆ ಹೇಳಿದ್ದು ಒಂದೇ ಮಾತು: 30 ಬಾಟ್ (ಬಾಟ್ ಅಂದರೆ ಅಲ್ಲಿನ ಹಣ) ಕೊಡಿ, ಯಾವ ಕಾಯಿಲೆಗೂ ಚಿಕಿತ್ಸೆ. ಒಳಗಿನ ಲೆಕ್ಕಾಚಾರ ಬಹಳ ಜಟಿಲ. ಪ್ರತಿ ತಲೆಗೆ ಇಷ್ಟು ಅಂತ ಆಸ್ಪತ್ರೆಗೆ ಹಣ ಹೋಗುವುದು, ಮನೆ ಹತ್ತಿರದ ಕೇಂದ್ರದಲ್ಲಿ ನೋಂದಣಿ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಚೀಟಿ, ಎಲ್ಲ ಇತ್ತು. ಅದನ್ನು ಜನರ ತಲೆಗೆ ಹೇರಲಿಲ್ಲ. ಕಿಸೆಯಿಂದ ಎಷ್ಟು ಹೋಗುತ್ತದೆ ಅಂತ ಮಾತ್ರ ಹೇಳಿದರು. 2006ರಲ್ಲಿ ಆ 30 ಬಾಟ್ ಶುಲ್ಕ ತೆಗೆದ ಮೇಲೂ ಆ ಹೆಸರು ಜನರ ಬಾಯಲ್ಲಿ ಉಳಿಯಿತು. ಜೊತೆಗೆ 1330 ಅನ್ನುವ ಸಹಾಯವಾಣಿ ಇದೆ, ಪ್ರಶ್ನೆ, ದೂರು ಎರಡೂ ಅಲ್ಲಿಗೇ ಹೋಗುತ್ತವೆ. ನಿಮ್ಮ ಲೋಗೊ ಬಜೆಟ್ ಅನ್ನು ಸಹಾಯವಾಣಿಗೆ ತಿರುಗಿಸಲು ಆಗುತ್ತದಾ ನೋಡಿ.

ಉತ್ತರ: ದಾಖಲೆಮನೆ

ನಾನು ಆರೋಗ್ಯ ದಾಖಲೆಗಳ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಕೆಲಸ ಮಾಡುವವನು. ಮೇಲಿನವರು ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ನಿಮ್ಮ ಪಟ್ಟಿಯಲ್ಲಿ ಅತಿ ಬೇಗ ಬೆಂಕಿ ಹತ್ತುವುದು ದಾಖಲೆಯ ವಿಷಯ. ಅದನ್ನು ಬೇರೆಯಾಗಿಯೇ ನೋಡಿ.

ಇಂಗ್ಲೆಂಡಿನಲ್ಲಿ ಕೇರ್ ಡಾಟ್ ಡೇಟಾ ಅಂತ ಒಂದು ಯೋಜನೆ ಇತ್ತು. ಫ್ಯಾಮಿಲಿ ಡಾಕ್ಟರ ಹತ್ತಿರ ಇರುವ ರೋಗಿಗಳ ಮಾಹಿತಿಯನ್ನು ಆಸ್ಪತ್ರೆ ದಾಖಲೆಗಳ ಜೊತೆ ಸೇರಿಸಿ ಸಂಶೋಧನೆಗೆ, ಯೋಜನೆ ಹಾಕಲು ಬಳಸುವುದು. ಉದ್ದೇಶ ಕೆಟ್ಟದಲ್ಲ. 2014ರ ಜನವರಿಯಲ್ಲಿ ಮನೆಮನೆಗೆ ಕರಪತ್ರ ಹಾಕಿದರು. ಅದರಲ್ಲಿ 'ನನ್ನ ಮಾಹಿತಿ ಬೇಡ' ಅನ್ನಲು ಫಾರಂ ಇರಲಿಲ್ಲ, ಬೇಡ ಅನ್ನುವವರು ಡಾಕ್ಟರ ಹತ್ತಿರ ಹೋಗಿ ಹೇಳಬೇಕಿತ್ತು. ಮುಂದಿನ ತಿಂಗಳು ಬಿಬಿಸಿ ಮಾಡಿಸಿದ ಸಮೀಕ್ಷೆಯಲ್ಲಿ ಕರಪತ್ರ ಬಂದದ್ದು ನೆನಪಿದೆ ಅಂದವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಡಾಕ್ಟರುಗಳ ಸಂಘದವರೇ ಅಸಮಾಧಾನ ಹೇಳಿದರು. ಫೆಬ್ರವರಿಯಲ್ಲೇ ಯೋಜನೆ ಮುಂದಕ್ಕೆ ಹಾಕಿದರು, 2016ರ ಜುಲೈನಲ್ಲಿ ಪೂರ್ತಿ ಕೈಬಿಟ್ಟರು. ಸಂಶೋಧನೆಗೆ ನಿಜವಾಗಿಯೂ ಬೇಕಿದ್ದ ವಿಷಯ ವರ್ಷಗಟ್ಟಲೆ ಹಿಂದೆ ಬಿತ್ತು. ನನಗೆ ಈಗಲೂ ಅದು ನೋವಿನ ಸಂಗತಿ.

ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಮೈ ಹೆಲ್ತ್ ರೆಕಾರ್ಡ್ ಅನ್ನುವ ಆನ್‌ಲೈನ್ ಆರೋಗ್ಯ ದಾಖಲೆಯನ್ನು ಎಲ್ಲರಿಗೂ ತಾನಾಗಿ ತೆರೆಯುವ ಪದ್ಧತಿಗೆ ತಂದಾಗಲೂ ಗಲಾಟೆ ಆಯಿತು. ಪೊಲೀಸರು ನೋಡಬಹುದಾ, ಅಳಿಸಿದರೆ ನಿಜವಾಗಿ ಅಳಿಯುತ್ತದಾ ಅಂತ ಜನ ಕೇಳಿದರು. ಅಲ್ಲಿ ಸರ್ಕಾರ ಬರೀ ಹೊಸ ಜಾಹೀರಾತು ಹಾಕಿ ಸುಮ್ಮನಾಗಲಿಲ್ಲ, ಕಾನೂನನ್ನೇ ತಿದ್ದಿತು: ಕೋರ್ಟ್ ಆದೇಶ ಇಲ್ಲದೆ ಪೊಲೀಸರಿಗೆ ಕೊಡುವಂತಿಲ್ಲ, ಬೇಡ ಅಂದವರ ದಾಖಲೆ ಶಾಶ್ವತವಾಗಿ ಅಳಿಸಬೇಕು. ಹೊರಗುಳಿಯುವ ಗಡುವನ್ನೂ 2019ರ ಜನವರಿ 31ರ ತನಕ ವಿಸ್ತರಿಸಿದರು. ಸುಮಾರು 25 ಲಕ್ಷ ಜನ ಹೊರಗುಳಿದರು, ಆದರೂ ವ್ಯವಸ್ಥೆ ನಿಂತಿತು.

ನಿಮಗೆ ಹೇಳುವುದು ಇಷ್ಟು. ನಿಮ್ಮ ಪುಟದಲ್ಲಿ 'ನಿಮ್ಮ ಮಾಹಿತಿ ಸುರಕ್ಷಿತ' ಅಂತ ಬರೆಯಬೇಡಿ. ಯಾರು ನೋಡಬಹುದು, ಯಾರು ನೋಡುವಂತಿಲ್ಲ, ವಿಮಾ ಕಂಪನಿಗೆ ಹೋಗುತ್ತದೋ ಇಲ್ಲವೋ, ಕೆಲಸ ಕೊಟ್ಟವರಿಗೆ ಸಿಗುತ್ತದೋ ಇಲ್ಲವೋ, ಯಾರು ನೋಡಿದ್ದಾರೆ ಅಂತ ನಾನು ಹೇಗೆ ತಿಳಿಯುವುದು, ಬೇಡ ಅಂದರೆ ನನ್ನ ಚಿಕಿತ್ಸೆಗೆ ತೊಂದರೆ ಆಗುತ್ತದಾ, ಇವನ್ನು ನೇರವಾಗಿ ಬರೆಯಿರಿ. ಬೇಡ ಅನ್ನುವ ದಾರಿಯನ್ನು ಅದೇ ಪುಟದಲ್ಲಿ ಇಡಿ. ದಾರಿ ಕಣ್ಣಿಗೆ ಕಂಡರೆ ಜನರ ಭಯ ಕಡಿಮೆ ಆಗುತ್ತದೆ.

ಉತ್ತರ: ವಾರ್ಡ್‌ಸಿಸ್ಟರ್

ನಾನು ನರ್ಸ್. ನನ್ನ ಆಸ್ಪತ್ರೆಯ ವಾರ್ಡ್ ಕೂಡ ಇಂಥದ್ದೇ ಒಂದು ಬದಲಾವಣೆಯಲ್ಲಿ ಮುಚ್ಚಿತು. ಅದು ನಮಗೆ ಗೊತ್ತಾಗಿದ್ದು ಪತ್ರಿಕೆಯಿಂದ. ರೋಗಿಗಳೇ ಪೇಪರ್ ಹಿಡಿದುಕೊಂಡು ಬಂದು "ಸಿಸ್ಟರ್, ಇದು ನಿಜಾನಾ?" ಅಂತ ಕೇಳಿದರು. ಏನು ಹೇಳಬೇಕು? ಅದಾದ ಮೇಲೆ ಮೇಲಿನಿಂದ ಬಂದ ಯಾವ ಮಾತನ್ನೂ ನಾವು ನಂಬಲಿಲ್ಲ. ಒಳ್ಳೆಯದನ್ನೂ ನಂಬಲಿಲ್ಲ.

ಕಾನೂನು ಪಾಸ್ ಆಗುವ ತನಕ ಬಾಯಿ ಬಿಡಬೇಡಿ ಅನ್ನುವವರಿಗೆ ಇದನ್ನು ಹೇಳಿ: ಸುದ್ದಿ ಆಗಲೇ ಹೊರಗೆ ಬಂದಿರುತ್ತದೆ. ಕರಡು ಕಾಗದ ಇಪ್ಪತ್ತು ಮೇಜು ದಾಟುತ್ತದೆ, ಯಾರೋ ಫೋಟೊ ತೆಗೆಯುತ್ತಾರೆ, ಗ್ರೂಪಿನಲ್ಲಿ ಹಾಕುತ್ತಾರೆ. ನೀವು ಸುಮ್ನೆ ಇದ್ದರೆ 'ಆಸ್ಪತ್ರೆ ಮುಚ್ಚುತ್ತಾರಂತೆ' ಅನ್ನುವುದೊಂದೇ ಉಳಿಯುತ್ತದೆ. ಕೌಂಟರ್‌ಪಕ್ಕ ಅವರು ಎಲ್ಲ ಸಿದ್ಧವಾಗುವ ತನಕ ಉದ್ಘಾಟನೆ ಬೇಡ ಅಂದರು. ಸೇವೆಯ ಮಟ್ಟಿಗೆ ಅದು ಸರಿ, ಆದರೆ ಕಹಿ ಸುದ್ದಿಗೆ ಆ ಲೆಕ್ಕ ಹಿಡಿಯಬೇಡಿ. ಅದನ್ನು ಅರ್ಧ ಗೊತ್ತಿದ್ದಾಗಲೇ ಹೇಳಬೇಕು. ಏನು ತೀರ್ಮಾನ ಆಗಿದೆ, ಏನು ಇನ್ನೂ ಆಗಿಲ್ಲ, ಅದು ಯಾವಾಗ ಗೊತ್ತಾಗುತ್ತದೆ, ನಿಮ್ಮ ಮಾತು ಎಲ್ಲಿ ಹೇಳಬಹುದು. ಇಷ್ಟು ಹೇಳಲು ಕಾನೂನು ಅಡ್ಡ ಬರುವುದಿಲ್ಲ.

ಹೇಳುವಾಗ ಸಿಬ್ಬಂದಿಗೆ ಮೊದಲು, ಎದುರಿಗೆ ಕೂತು, ಅದೇ ದಿನ ಊರಿನವರಿಗೆ. ನಷ್ಟ ಯಾರಿಗೆ ಅಂತ ಮುಚ್ಚಿಡಬೇಡಿ. ರಾತ್ರಿ ಹೊತ್ತು ದೂರ ಹೋಗಬೇಕಾಗುತ್ತದೆ ಅನ್ನುವುದು ನಿಜವಾದರೆ ಅದನ್ನು ನೀವೇ ಹೇಳಿ, ಅದಕ್ಕೆ ಆಂಬುಲೆನ್ಸ್ ವ್ಯವಸ್ಥೆ ಏನು ಅಂತಲೂ ಹೇಳಿ. ವ್ಯವಸ್ಥೆ ಇಲ್ಲದಿದ್ದರೆ ಅದು ಸಂವಹನದ ಸಮಸ್ಯೆ ಅಲ್ಲವೇ ಅಲ್ಲ, ಆಗ ನೀವು ಪೋಸ್ಟರ್ ಮಾಡುವುದನ್ನು ಬಿಟ್ಟು ಆಂಬುಲೆನ್ಸ್ ಕೇಳಬೇಕು.

ಪ್ರಶ್ನೆ ಕೇಳಿದವರು: ಹೊಸಹೆಜ್ಜೆ

ತುಂಬಾ ಧನ್ಯವಾದ. ಸಿಸ್ಟರ್, ನಿಮ್ಮ ಉತ್ತರವನ್ನು ನಾಳಿನ ಸಭೆಯಲ್ಲಿ ಹೆಸರಿಲ್ಲದೆ ಓದಬಹುದಾ? ಇನ್ನೊಂದು ತೊಡಕು ಇದೆ. ನಮ್ಮಲ್ಲಿ ಒಂದು ಸಣ್ಣ ಪೋಸ್ಟ್‌ಗೂ ನಾಲ್ಕು ಸಹಿ ಬೇಕು. ವದಂತಿ ಬೆಳಿಗ್ಗೆ ಹುಟ್ಟಿದರೆ ನಮ್ಮ ಉತ್ತರ ಮುಂದಿನ ವಾರ ಹೊರಗೆ ಬರುತ್ತದೆ. ಅಳತೆಯ ಬಗ್ಗೆಯೂ ಯಾರಾದರೂ ಹೇಳಿ, ವರದಿಯಲ್ಲಿ ಈಗ ಎಷ್ಟು ಪೋಸ್ಟ್ ಹಾಕಿದಿರಿ, ಎಷ್ಟು ಲೈಕ್ ಬಂತು ಅಂತ ಮಾತ್ರ ಕೇಳುತ್ತಾರೆ.

ಉತ್ತರ: ವಾರ್ಡ್‌ಸಿಸ್ಟರ್

ಖಂಡಿತ ಓದಿ.

ಉತ್ತರ: ಅಳತೆಪಟ್ಟಿ

ಸಹಿ ವಿಷಯ ಮೊದಲು. ಒಂದೊಂದು ಪೋಸ್ಟ್‌ಗೂ ಒಪ್ಪಿಗೆ ಕೇಳುವ ಬದಲು ಮುಂದೆ ಬರಬಹುದಾದ ಪ್ರಶ್ನೆಗಳಿಗೆ ಉತ್ತರಗಳ ಒಂದು ಕಡತ ಮಾಡಿ, ಅದಕ್ಕೆ ಒಮ್ಮೆ ನಾಲ್ಕೂ ಸಹಿ ಹಾಕಿಸಿ. ಅದರೊಳಗಿನ ವಾಕ್ಯ ಬಳಸುವಾಗ ಮತ್ತೆ ಕೇಳಬೇಕಿಲ್ಲ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಹೊಸ ಪ್ರಶ್ನೆ ಬಂದರೆ 'ಈ ಪ್ರಶ್ನೆ ನಮಗೆ ಬಂದಿದೆ, ಇಂಥ ದಿನ ಉತ್ತರ ಹೇಳುತ್ತೇವೆ' ಅನ್ನುವ ಮಾತಿಗೂ ಮೊದಲೇ ಒಪ್ಪಿಗೆ ಇರಲಿ. ಹೇಳಿದ ದಿನ ತಪ್ಪಬಾರದು.

ಅಳತೆಗೆ ಬರೋಣ. ಪ್ರಚಾರ ಶುರುವಾಗುವ ಮೊದಲೇ ಒಂದು ಸಣ್ಣ ಸಮೀಕ್ಷೆ ಮಾಡಿಸಿ. ಆಮೇಲೆ ಮಾಡಿಸಿದರೆ ಯಾವುದಕ್ಕೆ ಹೋಲಿಸುತ್ತೀರಿ? 'ಯೋಜನೆ ಬಗ್ಗೆ ಕೇಳಿದ್ದೀರಾ' ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. 'ನಾಳೆ ನಿಮಗೆ ಮಂಡಿ ನೋವು ಜಾಸ್ತಿ ಆದರೆ ಮೊದಲು ಎಲ್ಲಿಗೆ ಹೋಗುತ್ತೀರಿ? ದೊಡ್ಡ ಆಸ್ಪತ್ರೆಗೆ ಹೋಗಲು ಏನು ಬೇಕು?' ಅಂತ ಕೇಳಿ. ಸರಿ ಉತ್ತರ ಹೇಳಿದವರು ಎಷ್ಟು, ಅದರಲ್ಲಿ ವಯಸ್ಸಾದವರು ಎಷ್ಟು, ಓದು ಬಾರದವರು ಎಷ್ಟು, ವಲಸೆ ಕಾರ್ಮಿಕರು ಎಷ್ಟು ಅಂತ ಬಿಡಿಸಿ ನೋಡಿ. ಒಟ್ಟು ಲೆಕ್ಕದಲ್ಲಿ ಎಲ್ಲ ಚೆನ್ನಾಗಿ ಕಂಡರೂ ಯಾವ ಗುಂಪು ಹೊರಗೆ ಉಳಿದಿದೆ ಅಂತ ಆಗ ಕಾಣುತ್ತದೆ. ಇದರ ಜೊತೆಗೆ, ಚೀಟಿ ಇಲ್ಲದೆ ಬಂದು ವಾಪಸ್ ಹೋದವರ ಲೆಕ್ಕ ಆಸ್ಪತ್ರೆಗಳಿಂದ ತಿಂಗಳಿಗೊಮ್ಮೆ ತರಿಸಿ. ಆ ಸಂಖ್ಯೆ ಇಳಿಯದಿದ್ದರೆ ಲೈಕ್ ಎಷ್ಟಿದ್ದರೂ ಏನು ಪ್ರಯೋಜನ?

ಕರಪತ್ರ ಅಚ್ಚಿಗೆ ಹೋಗುವ ಮುಂಚೆ ಕ್ಲಿನಿಕ್‌ನಲ್ಲಿ ಕಾಯುತ್ತಿರುವ ನಾಲ್ಕಾರು ಜನರಿಗೆ ಓದಲು ಕೊಟ್ಟು, 'ಇದರಲ್ಲಿ ಏನು ಹೇಳಿದೆ, ನಿಮ್ಮ ಮಾತಿನಲ್ಲಿ ಹೇಳಿ' ಅಂತ ಕೇಳಿ. ಅವರು ಎಡವಿದ ಕಡೆ ತಿದ್ದಿ. ಇದಕ್ಕೆ ಖರ್ಚೇ ಇಲ್ಲ, ಆದರೂ ಗಡಿಬಿಡಿಯಲ್ಲಿ ಬಿಟ್ಟುಬಿಡುತ್ತಾರೆ.

ವದಂತಿಯ ಬಗ್ಗೆ ಒಂದು ಮಾತು. ಭಾರತದ ಪೋಲಿಯೊ ಕಾರ್ಯಕ್ರಮದಲ್ಲಿ ಹನಿ ಹಾಕಿಸಿದರೆ ಮಕ್ಕಳಾಗುವುದಿಲ್ಲ ಅನ್ನುವ ಸುದ್ದಿ ಹಬ್ಬಿತ್ತು. ಬರೀ 'ಅದು ಸುಳ್ಳು' ಅಂತ ಕೂಗಿ ಅದು ಹೋಗಲಿಲ್ಲ. ಉತ್ತರ ಪ್ರದೇಶದಲ್ಲಿ ಅದೇ ಬೀದಿಯ ಹೆಂಗಸರು ಮನೆಮನೆಗೆ ಹೋಗಿ ಮಾತಾಡಿದರು, ಧಾರ್ಮಿಕ ಮುಖಂಡರನ್ನು ಜೊತೆ ಸೇರಿಸಿಕೊಂಡರು. ಆಗ ಮನೆಯವರು ಹೇಳಿದ್ದು ಬೇರೆಯೇ: ಚರಂಡಿ ಇಲ್ಲ, ಬೇರೆ ಔಷಧಿ ಸಿಗುವುದಿಲ್ಲ, ಈ ಹನಿಗೆ ಮಾತ್ರ ಮತ್ತೆ ಮತ್ತೆ ಯಾಕೆ ಬರುತ್ತೀರಿ? ಆ ಮಾತು ಕೇಳಿಸಿಕೊಂಡರು. 2009ರಲ್ಲಿ ಉತ್ತರ ಪ್ರದೇಶ, ಬಿಹಾರದ 107 ಬ್ಲಾಕ್‌ಗಳಲ್ಲಿ ಹನಿಯ ಜೊತೆಗೆ ಕೈತೊಳೆಯುವುದು, ನೈರ್ಮಲ್ಯ, ಭೇದಿಗೆ ಚಿಕಿತ್ಸೆ ಇವನ್ನೂ ಸೇರಿಸಿದರು. ಸಹಜವಾಗಿ ಹರಡುವ ಪೋಲಿಯೊ ವೈರಸ್‌ನಿಂದ ದೇಶದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ನಿಮ್ಮ ಸಹಾಯವಾಣಿಯಲ್ಲಿ ವಾರಕ್ಕೊಮ್ಮೆ ಅತಿ ಹೆಚ್ಚು ಬಂದ ಪ್ರಶ್ನೆಗಳನ್ನು ತೆಗೆದು ತೀರ್ಮಾನ ಮಾಡುವವರ ಮೇಜಿಗೆ ಕಳಿಸಿ, ಯಾವುದಕ್ಕೆ ಏನು ಬದಲಾಯಿತು ಅಂತ ಬರೆದಿಡಿ. ಸಾಲ ಕೊಟ್ಟವರಿಗೆ ಕೊಡುವ ವರದಿಯಲ್ಲಿ ಆ ಪಟ್ಟಿಯನ್ನೇ ಮೊದಲ ಪುಟಕ್ಕೆ ಹಾಕಿ.

ಉತ್ತರ: ಕೌಂಟರ್‌ಪಕ್ಕ

ಅಳತೆಪಟ್ಟಿ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವೆಬ್‌ಸೈಟ್ ಮಾಡಲೇಬೇಕು ಅಂತಿದ್ದರೆ ಯೋಜನೆಯ ಹೆಸರಿನಲ್ಲಿ ಬೇರೆ ವಿಳಾಸ ತೆಗೆದುಕೊಳ್ಳಬೇಡಿ, ಸಚಿವಾಲಯದ ಸೈಟಿನೊಳಗೇ ಪುಟ ಕೇಳಿ. ಐದು ವರ್ಷ ಆದ ಮೇಲೆ ಯೋಜನೆಯ ಕಚೇರಿ ಖಾಲಿ ಆಗುತ್ತದೆ, ವಿಳಾಸದ ಬಾಡಿಗೆ ಕಟ್ಟುವವರು ಇರುವುದಿಲ್ಲ, ಆದರೆ ಡಾಕ್ಟರನ್ನು ಬದಲಾಯಿಸುವುದು ಹೇಗೆ ಅಂತ ಜನ ಆಗಲೂ ಹುಡುಕುತ್ತಾರೆ. ಸಹಾಯವಾಣಿ ಸಂಖ್ಯೆಯೂ ಹಾಗೇ, ಸಚಿವಾಲಯದ್ದೇ ಇರಲಿ. ಅದರ ಸಿಬ್ಬಂದಿಯ ಸಂಬಳ ಆರನೇ ವರ್ಷಕ್ಕೆ ಯಾರ ಬಜೆಟ್‌ನಿಂದ ಅಂತ ಈಗಲೇ ಕಾಗದದ ಮೇಲೆ ಬರೆಸಿಕೊಳ್ಳಿ.