‘ಸೋಗು ಖರೆ ಅನಸಬೇಕು’: ಇಲ್ಲಿಯ ‘ಖರೆ’ಯನ್ನು ‘ಸತ್ಯ’ವೆಂದು ಬರೆಯಬಹುದೇ?

ಧಾರವಾಡದ ಹತ್ತಿರದ ಹಳ್ಳಿಯೊಂದರ ದೊಡ್ಡಾಟದ (ನಮ್ಮ ಕಡೆಯ ಪೌರಾಣಿಕ ಬಯಲಾಟದ) ಮೇಳವನ್ನು ಕುರಿತು ಸಿದ್ಧವಾಗುತ್ತಿರುವ ಪುಸ್ತಕದ ಕರಡನ್ನು ತಿದ್ದುವ ಕೆಲಸ ಸದ್ಯ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಹಿರಿಯ ಪಾತ್ರಧಾರಿಯೊಬ್ಬರ ಮಾತು ಹೀಗಿದೆ: ‘ಸೋಗು ಬರೇ ಛಂದ ಇದ್ರ ಏನೂ ಆಗೂದಿಲ್ರಿ, ಖರೆ ಅನಸಬೇಕು. ಮಂದಿ ಹೌದ ಅನಬೇಕು.’ ಧ್ವನಿಮುದ್ರಣವನ್ನು ಕೇಳಿ ಬರೆದುಕೊಂಡವರು ಇದನ್ನು ಶಿಷ್ಟ ಕನ್ನಡಕ್ಕೆ ತಂದು, ‘ವೇಷ ಕೇವಲ ಸುಂದರವಾಗಿದ್ದರೆ ಸಾಲದು, ಸತ್ಯವೆನಿಸಬೇಕು, ಪ್ರೇಕ್ಷಕರು ಮೆಚ್ಚಬೇಕು’ ಎಂದು ಮಾಡಿದ್ದಾರೆ. ವಾಕ್ಯದಲ್ಲಿ ವ್ಯಾಕರಣದ ದೋಷವೇನೂ ಇಲ್ಲ. ಆದರೆ ಸೋಗು, ಛಂದ, ಖರೆ, ಹೌದು ಎಂಬ ನಾಲ್ಕೂ ಪದಗಳು ಬದಲಾಗಿವೆ. ಕಲೆಗೂ ಚೆಲುವಿಗೂ ಸತ್ಯಕ್ಕೂ ಇರುವ ನಂಟಿನ ಬಗ್ಗೆ ಆ ಹಿರಿಯರು ಹೇಳಿದ ಮಾತೇ ಬೇರೆ, ಅಚ್ಚಿಗೆ ಹೋಗಲಿರುವ ಮಾತೇ ಬೇರೆ ಎಂಬುದು ನನ್ನ ಅನುಮಾನ. ಈ ಪದಗಳ ಬಳಕೆಯನ್ನು ಬಲ್ಲವರ ಅಭಿಪ್ರಾಯ ಬೇಕಾಗಿರುವುದರಿಂದ, ನನಗೆ ತಿಳಿದಷ್ಟನ್ನು ಮೊದಲು ಬರೆದು ಆಮೇಲೆ ಕೇಳಬೇಕಾದದ್ದನ್ನು ಕೇಳುತ್ತೇನೆ.

ಮೊದಲು ‘ಖರೆ’. ಹುಬ್ಬಳ್ಳಿ–ಧಾರವಾಡದ ಕಡೆ ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ಈ ಪದ ಒಂದೇ ಕೆಲಸ ಮಾಡುವುದಿಲ್ಲ. ‘ನೀ ಹೇಳೂದು ಖರೆ’ ಎಂದಾಗ ಅದು ಮಾತಿನ ಗುಣವನ್ನು ಹೇಳುತ್ತದೆ. ಅದರ ಎದುರಿಗೆ ನಿಲ್ಲುವ ಪದ ‘ಸುಳ್ಳು’. ‘ಬಂದಾನ ಖರೆ, ಆದರ ಮಾತಾಡಲಿಲ್ಲ’ ಎಂದಾಗ ಅದು ಒಪ್ಪಿಗೆ ಸೂಚಿಸುವ ಅವ್ಯಯದಂತೆ ನಡೆದುಕೊಳ್ಳುತ್ತದೆ. ‘ಖರೆ ಬಂಗಾರ’ ಎಂದಾಗ ಮಾತ್ರ ಅದು ವಸ್ತುವಿನ ಗುಣ. ಅಲ್ಲಿ ಅದಕ್ಕೆ ಎದುರಾಗಿ ‘ಸುಳ್ಳು’ ಬರುವುದಿಲ್ಲ, ‘ಖೊಟ್ಟಿ’ ಬರುತ್ತದೆ. ಖೊಟ್ಟಿ ನಾಣ್ಯ, ಖೊಟ್ಟಿ ಕಾಗದಪತ್ರ ಎಂಬ ಮಾತುಗಳು ನಮ್ಮ ಕಡೆಯ ಪತ್ರಿಕೆಗಳಲ್ಲಿ ಇಂದಿಗೂ ಓದಸಿಗುತ್ತವೆ. ಮರಾಠಿಯಲ್ಲಿಯೂ ‘ಖರಾ’ ಮತ್ತು ‘ಖೋಟಾ’ ಹೀಗೆಯೇ ಜೋಡಿಯಾಗಿ ಬಳಕೆಯಲ್ಲಿರುವುದರಿಂದ, ಈ ಎರಡೂ ನಮ್ಮ ಮಾತಿಗೆ ಜೊತೆಯಾಗಿಯೇ ಬಂದಿರಬೇಕು ಎಂದು ಊಹಿಸುವುದರಲ್ಲಿ ತಪ್ಪಿಲ್ಲ.

ಆಟದವರ ಮಾತಿನಲ್ಲಿರುವ ‘ಖರೆ’ ಇವುಗಳಲ್ಲಿ ಯಾವುದು ಎಂಬುದೇ ಪ್ರಶ್ನೆಯ ತಿರುಳು. ಕೌರವನ ಪಾತ್ರ ಹಾಕಿದವನು ನಿನ್ನೆ ಹೊಲದಲ್ಲಿ ಹರಗುತ್ತಿದ್ದ ನೆರೆಮನೆಯವನು ಎಂಬುದು ಅಟ್ಟದ, ಎಂದರೆ ಆಟದ ವೇದಿಕೆಯ, ಮುಂದೆ ಕುಳಿತ ಸಣ್ಣ ಹುಡುಗನಿಗೂ ಗೊತ್ತು. ಹಾಗಿರುವಾಗ ‘ಸುಳ್ಳಲ್ಲದ್ದು’ ಎಂಬ ಅರ್ಥದ ಖರೆ ಇಲ್ಲಿ ಸಲ್ಲುವುದಿಲ್ಲ, ಏಕೆಂದರೆ ಅವನು ಕೌರವನೆಂದು ಯಾರೂ ಯಾರಿಗೂ ನಂಬಿಸುತ್ತಿಲ್ಲ. ಸಲ್ಲುವುದು ‘ಖೊಟ್ಟಿಯಲ್ಲದ್ದು’ ಎಂಬ ಅರ್ಥ. ಕೌರವನಾಗಿ ಕುಣಿದವನು ಬಾಯಿಪಾಠ ಒಪ್ಪಿಸಿ ಹೋಗದೆ ಆ ಸೊಕ್ಕನ್ನೂ ಕೊನೆಗೆ ಆ ಸೋಲನ್ನೂ ತನ್ನ ಮೈಯಲ್ಲಿ ಹೊತ್ತಿದ್ದಾನೆಯೇ, ಇಲ್ಲವೇ ಎಂಬುದು ನೋಡುವವರ ಪರೀಕ್ಷೆ. ‘ಸತ್ಯ’ ಎಂದು ಬರೆದೊಡನೆ ಈ ಪರೀಕ್ಷೆ ಕಾಣದಾಗುತ್ತದೆ. ಸತ್ಯದ ಎದುರಿಗೆ ಅಸತ್ಯವೋ ಮಿಥ್ಯೆಯೋ ನಿಲ್ಲಬಲ್ಲದು, ಖೊಟ್ಟಿ ನಿಲ್ಲಲಾರದು. ಸಾಲದ್ದಕ್ಕೆ ನಮ್ಮ ಹಳ್ಳಿಗಳ ಬಳಕೆಯಲ್ಲಿ ‘ಸತ್ಯ’ ದೇವರ ಕಡೆಗೆ ಸರಿದ ಪದ. ‘ಸತ್ಯುಳ್ಳ ದೇವರು’, ‘ಸತ್ಯುಳ್ಳ ಶರಣ’ ಎನ್ನುವಾಗ ಅದರಲ್ಲಿ ಪವಾಡದ ಶಕ್ತಿಯೂ ನಡತೆಯ ಶುದ್ಧಿಯೂ ಸೇರಿರುತ್ತವೆ. ವೇಷ ‘ಸತ್ಯವೆನಿಸಬೇಕು’ ಎಂದು ಓದಿದ ಹಳ್ಳಿಯವನಿಗೆ ಅದು ಬೇರೊಂದು ದಿಕ್ಕಿನ ಮಾತಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ.

‘ನಿಜವೆನಿಸಬೇಕು’ ಎಂದು ಬರೆದರೆ ಹೇಗೆ ಎಂದು ಗೆಳೆಯರೊಬ್ಬರು ಕೇಳಿದರು. ಸಂಸ್ಕೃತದಲ್ಲಿ ‘ನಿಜ’ ಎಂದರೆ ತನ್ನದು, ಸಹಜವಾದದ್ದು. ಶರಣರ ಮಾತಿನ ‘ನಿಜದ ನೆಲೆ’, ‘ನಿಜೈಕ್ಯ’ಗಳಲ್ಲಿ ಆ ಹಳೆಯ ಅರ್ಥದ ಬೆಳಕು ಇನ್ನೂ ಇದೆ. ಆ ಅರ್ಥ ಇಂದಿನ ಓದುಗರ ಕಿವಿಯಲ್ಲಿ ಉಳಿದಿದ್ದರೆ ‘ನಿಜ’ವೇ ತಕ್ಕ ಪದವಾಗುತ್ತಿತ್ತು. ಇಂದು ‘ನಿಜವೆನಿಸಬೇಕು’ ಎಂದರೆ ಬದುಕಿನಲ್ಲಿದ್ದಂತೆಯೇ ತೋರಬೇಕು ಎಂದು ಅರ್ಥವಾಗುತ್ತದೆ. ದೊಡ್ಡಾಟ ಹಾಗೆ ತೋರಬೇಕೆಂದು ಬಯಸುವ ಕಲೆಯಲ್ಲ. ದೊಡ್ಡ ಕಿರೀಟ, ಭುಜಕೀರ್ತಿ, ಎದೆಗವಚ, ಅಟ್ಟ ನಡುಗುವಂಥ ಕುಣಿತ, ಎಳೆದು ಹೇಳುವ ಮಾತು, ಇವು ಯಾವುವೂ ಬದುಕಿನಲ್ಲಿ ಇರುವಂಥವಲ್ಲ. ಭರತನ ನಾಟ್ಯಶಾಸ್ತ್ರ ಲೋಕಧರ್ಮಿ (ಬದುಕಿನಲ್ಲಿದ್ದಂತೆ ತೋರಿಸುವುದು), ನಾಟ್ಯಧರ್ಮಿ (ಕಲೆಯ ಕಟ್ಟಳೆಯಂತೆ ತೋರಿಸುವುದು) ಎಂದು ಎರಡು ರೀತಿಗಳನ್ನು ಹೇಳುತ್ತದೆ. ದೊಡ್ಡಾಟ ನಾಟ್ಯಧರ್ಮಿಯ ಕಡೆಗೆ ಪೂರ್ತಿ ವಾಲಿದ ಕಲೆ. ಹೀಗಿದ್ದೂ ಆಟದವರು ಖರೆತನವನ್ನು ಬೇಡುತ್ತಾರೆ ಎಂಬುದರಲ್ಲಿಯೇ ಅವರ ಮಾತಿನ ಬೆಲೆಯಿದೆ. ‘ದಿಟ’ವನ್ನು ನಾನು ಗಣನೆಗೆ ತೆಗೆದುಕೊಂಡಿಲ್ಲ. ಅದು ನಮ್ಮ ಭಾಗದಲ್ಲಿ ಪುಸ್ತಕದ ಪದ.

ಇನ್ನು ‘ಸೋಗು’. ಇದನ್ನು ‘ವೇಷ’ ಎಂದು ಬದಲಿಸಿದ್ದಕ್ಕೆ ಕಾರಣ ಊಹಿಸಬಹುದು: ಶಿಷ್ಟ ಕನ್ನಡದಲ್ಲಿ ‘ಸೋಗು ಹಾಕು’ ಎಂದರೆ ನಟಿಸು, ಇಲ್ಲದ್ದನ್ನು ಇದೆಯೆಂದು ತೋರಿಸು ಎಂಬ ನಿಂದೆಯ ಅರ್ಥವೇ ಮುಂದಾಗಿದೆ. ವೇಷಕ್ಕೂ ಪಾತ್ರಕ್ಕೂ ಸಲ್ಲುವ ಮರಾಠಿಯ ‘ಸೋಂಗ್’ ಪದಕ್ಕೂ ಈ ಎರಡೂ ಮುಖಗಳಿವೆ. ಆಟದವರ ಬಾಯಲ್ಲಿ ಸೋಗು ನಿಂದೆಯ ಪದವಲ್ಲ. ಈ ಇಬ್ಬಗೆ ಸೋಗಿಗೆ ಮಾತ್ರ ಸೇರಿದ್ದಲ್ಲ ಎಂಬುದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ‘ಬಿನ್ನಾಣ’ವನ್ನು ನೋಡಬಹುದು. ಅದು ‘ವಿಜ್ಞಾನ’ದ ತದ್ಭವ. ಹಳೆಯ ಬಳಕೆಯಲ್ಲಿ ಅರಿವು, ಕುಶಲತೆ, ಕೈಗಾರಿಕೆಯ ಜಾಣ್ಮೆ ಎಂಬ ಅರ್ಥಗಳಿದ್ದ ಈ ಪದ ಬರಬರುತ್ತ ಒಯ್ಯಾರವಾಗಿ, ಕೊನೆಗೆ ಕಪಟದ ಅಂಚಿಗೆ ಬಂದು ನಿಂತಿದೆ. ‘ಬಣ್ಣದ ಮಾತು’ ಎಂದರೆ ಮೋಸದ ಮಾತು. ‘ನಾಟಕ ಮಾಡಬ್ಯಾಡ’, ‘ಕಥಿ ಹೇಳಬ್ಯಾಡ’ ಎಂಬ ಗದರಿಕೆಗಳನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ಕಡೆ ಇಲ್ಲ. ಚಿತ್ರ, ನಾಟಕ, ಕಥೆ, ಕಸುಬಿನ ಜಾಣ್ಮೆ, ಇವೆಲ್ಲವನ್ನು ಹೇಳುವ ಪದಗಳು ಸುಳ್ಳಿನ ಕಡೆಗೆ ಜಾರಿರುವುದನ್ನು ಕಂಡು, ಕನ್ನಡಿಗರು ಕಲೆಯನ್ನು ಒಳಗೊಳಗೆ ಅನುಮಾನಿಸುತ್ತ ಬಂದಿದ್ದಾರೆ ಎಂದು ತೀರ್ಮಾನಿಸುವವರು ಇದ್ದಾರೆ. ನನಗೆ ಆ ತೀರ್ಮಾನ ಒಪ್ಪಿಗೆಯಿಲ್ಲ. ‘ಮನ್ಯಾಗ ನಾಟಕ ಮಾಡಬ್ಯಾಡ’ ಎಂದು ಗದರಿದ ತಾಯಿಯೇ ‘ಮಗ ನಾಟಕ ಮಾಡಾಕ ಗದಗಕ್ಕ ಹೋಗ್ಯಾನ’ ಎಂದು ಹೆಮ್ಮೆಯಿಂದ ಹೇಳುತ್ತಾಳೆ. ಎರಡು ಕಡೆಯೂ ಪದ ಒಂದೇ, ಕ್ರಿಯೆಯೂ ಒಂದೇ, ಬದಲಾದದ್ದು ಜಾಗ. ಅಟ್ಟದ ಮೇಲೆ ಅದು ಕಲೆ, ಅಟ್ಟದಿಂದ ಇಳಿದು ಮನೆಗೆ ಬಂದರೆ ಅದು ಸುಳ್ಳು. ಈ ಪದಗಳ ಕೆಟ್ಟ ಅರ್ಥಗಳೆಲ್ಲ ಜಾಗ ತಪ್ಪಿದ ಕಲೆಯಿಂದ ಹುಟ್ಟಿದವು ಎಂದು ನಾನು ತಿಳಿದಿದ್ದೇನೆ. ಹಾಗಾಗಿ ‘ಸೋಗು’ ಪದವನ್ನು ನಾಚಿಕೊಂಡು ಮರೆಮಾಡುವ ಅಗತ್ಯವಿಲ್ಲ.

ಈ ಗುಂಪಿನಲ್ಲಿ ‘ಬೆಡಗು’ ಒಂದೇ ವಿಚಿತ್ರವಾದ ದಾರಿ ಹಿಡಿದಿದೆ, ಅದರ ಬಗ್ಗೆ ತುಸು ಹೆಚ್ಚು ಹೇಳಬೇಕು. ‘ಬೆಡಗು ಬಿನ್ನಾಣ’ ಎಂಬ ಜೋಡಿಯಲ್ಲಿ ಅದು ಒಯ್ಯಾರದ ಚೆಲುವು. ‘ಬೆಡಗಿನ ವಚನ’ ಎಂಬಲ್ಲಿ ಅದು ಅರ್ಥವನ್ನು ಒಡಪಿನೊಳಗೆ ಅಡಗಿಸಿಟ್ಟ ಮಾತು. ಅಲ್ಲಮಪ್ರಭುವಿನ ಇಂಥ ವಚನಗಳು ಮೇಲ್ನೋಟಕ್ಕೆ ಅಸಂಗತವೆನಿಸುತ್ತವೆ. ಅವುಗಳನ್ನು ಬಿಡಿಸಿ ತೋರಿಸಲು ಹಿಂದಿನವರು ಟೀಕೆಗಳನ್ನು ಬರೆದಿದ್ದಾರೆ. ಚೆಲುವನ್ನು ಹೇಳುವ ಪದವೇ ಮರೆಯಲ್ಲಿರುವ ಸತ್ಯವನ್ನು ಹೇಳುವ ರೀತಿಗೂ ಹೆಸರಾದದ್ದು ಆಕಸ್ಮಿಕವಾಗಿರಲಾರದು. ಇದೇ ಪರಂಪರೆಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಶಿಶುನಾಳದ ಶರೀಫರು (1819–1889) ಕೋಡಗವನ್ನು ಕೋಳಿ ನುಂಗಿತೆಂದು ಹಾಡಿದರು. ಕೋಳಿ ಕೋಡಗವನ್ನು ನುಂಗುವುದಿಲ್ಲ, ಗೋಡೆ ಸುಣ್ಣವನ್ನು ನುಂಗುವುದಿಲ್ಲ ಎಂಬುದು ಹಾಡುವವರಿಗೂ ಕೇಳುವವರಿಗೂ ಗೊತ್ತು. ಹೀಗೆ ಅಕ್ಷರಶಃ ನೋಡಿದರೆ ಒಂದು ಸಾಲೂ ಖರೆಯಲ್ಲದ ಹಾಡಿಗೆ ಜನ ಕೊಟ್ಟ ಹೆಸರು ‘ತತ್ವಪದ’. ಸುಳ್ಳಿನ ಸಾಲುಗಳಿಂದ ಕಟ್ಟಿದ್ದನ್ನು ತತ್ವ ಎಂದು ಕರೆಯಲು ಹಿಂಜರಿಯದ ಈ ಜನಕ್ಕೆ, ಕಲೆಯ ಸತ್ಯ ಘಟನೆಯ ಸತ್ಯಕ್ಕಿಂತ ಬೇರೆ ಎಂದು ಪಂಡಿತರು ಹೇಳಿಕೊಡಬೇಕಾಗಿರಲಿಲ್ಲ.

ಇದಕ್ಕೆ ಎದುರಿನ ಉದಾಹರಣೆಯೂ ನಮ್ಮಲ್ಲಿದೆ. ದೊಡ್ಡಾಟಕ್ಕಿಂತ ಸರಳವಾದ ಬಯಲಾಟವೆನಿಸಿದ ಸಣ್ಣಾಟದ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲ ಸೀಮೆಯಲ್ಲಿ ನಡೆದ ಕೊಲೆಯೊಂದರ ಕಥೆ. ಆಟ ಶುರುವಾಗುವ ಮೊದಲೇ ಹಿರಿಯರು ‘ಇದು ಖರೆ ಆಗಿದ್ದು’ ಎಂದು ಹೇಳುವುದುಂಟು. ಅಲ್ಲಿಯ ಖರೆ ಸುಳ್ಳಿಗೆ ಎದುರಾದ ಖರೆ. ಆದರೆ ಅದೇ ಸಂಗ್ಯಾನ ಪಾರ್ಟು ಚೆನ್ನಾಗಿ ಆಗದಿದ್ದ ರಾತ್ರಿ, ಕಥೆ ನಡೆದದ್ದೇ ಆಗಿದ್ದರೂ ಆಟ ಖರೆ ಅನಿಸುವುದಿಲ್ಲ. ಒಂದೇ ಆಟದ ಬಗ್ಗೆ ಒಂದೇ ಪದವನ್ನು ಈ ಎರಡು ಅರ್ಥಗಳಲ್ಲಿ ಬಳಸುವುದು ನಮ್ಮ ಜನಕ್ಕೆ ತೊಡಕೆನಿಸಿಲ್ಲ.

‘ಛಂದ’ದ ವಿಷಯದಲ್ಲಿ ಹೆಚ್ಚು ಬೆಳೆಸುವುದಿಲ್ಲ. ‘ಛಂದಂಗ ಕೂಡು’, ‘ಛಂದಂಗ ಮಾತಾಡು’ ಎಂಬಲ್ಲಿ ಅದು ರೂಪದ ಚೆಲುವಿಗಿಂತ ನಡೆಯ ಒಪ್ಪವನ್ನು ಸೂಚಿಸುತ್ತದೆ. ‘ಸುಂದರ’ಕ್ಕೆ ಆ ಹರವು ಇಲ್ಲ. ಹಳಗನ್ನಡದ ‘ಸೊಗಯಿಸು’ವಿನಲ್ಲಿ ಕಣ್ಣಿಗೆ ಹಿತವಾಗುವ ಸೊಗ ಮುಖ್ಯ. ಪುಲಿಗೆರೆಯ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದ, ತಿರುಳ್ಗನ್ನಡದಲ್ಲಿ ಬರೆದೆನೆಂದ ಪಂಪ 941ರ ತನ್ನ ಕಾವ್ಯದಲ್ಲಿ ಬನವಾಸಿಯನ್ನು ‘ಸೊಗಯಿಸಿ ಬಂದ ಮಾಮರನೆ’ ಎಂದು ನೆನೆಯುವಾಗ ಆ ಸೊಗವೇ ಮುಂದೆ ಬರುತ್ತದೆ. ‘ಛಂದ’ದಲ್ಲಿ ಸೊಗಕ್ಕಿಂತ ಒಪ್ಪ ಹೆಚ್ಚು. ಪುಸ್ತಕದ ಮೊದಲ ಪುಟಕ್ಕೆ ‘ಸತ್ಯಂ ಶಿವಂ ಸುಂದರಂ’ ಎಂಬುದನ್ನು ಉಪನಿಷತ್ತಿನ ವಾಕ್ಯವೆಂದು ಹಾಕಬೇಕೆಂಬ ಸಲಹೆಯೂ ಬಂದಿತ್ತು. ದೂರದರ್ಶನದ ಧ್ಯೇಯವಾಕ್ಯವಾಗಿ ಎಲ್ಲರಿಗೂ ಪರಿಚಿತವಾದ ಈ ಮೂರು ಪದಗಳು ಪ್ರಧಾನ ಉಪನಿಷತ್ತುಗಳಲ್ಲಿ ಎಲ್ಲಿಯೂ ಒಟ್ಟಾಗಿ ಬರುವುದಿಲ್ಲ. ತೈತ್ತಿರೀಯದಲ್ಲಿ ‘ಸತ್ಯಂ ಜ್ಞಾನಮನಂತಂ ಬ್ರಹ್ಮ’ ಎಂದಿದೆ, ಮಾಂಡೂಕ್ಯದಲ್ಲಿ ‘ಶಾಂತಂ ಶಿವಮದ್ವೈತಂ’ ಎಂದಿದೆ. ‘ಸುಂದರಂ’ ಎರಡರಲ್ಲಿಯೂ ಇಲ್ಲ. ಮೂರನ್ನೂ ಒಂದು ಸಾಲಿನಲ್ಲಿ ಕೂರಿಸಿದ ಮಾತ್ರಕ್ಕೆ ಅವುಗಳ ನಂಟು ತಿಳಿದಂತಾಗುವುದಿಲ್ಲವಾದ್ದರಿಂದ ಆ ಸಲಹೆಯನ್ನು ನಾನು ಒಪ್ಪಿಲ್ಲ.

ಉಳಿದದ್ದು ‘ಹೌದು’. ನಾಲ್ಕರಲ್ಲಿ ಅತಿ ದೊಡ್ಡ ನಷ್ಟವಾದದ್ದು ಇದನ್ನು ‘ಮೆಚ್ಚಬೇಕು’ ಎಂದು ಬದಲಿಸಿದಾಗ ಎಂಬುದು ನನ್ನ ಎಣಿಕೆ. ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ನುಡಿ ಮೊದಲು ಮುತ್ತಿನ ಹಾರದಂತೆ, ಆಮೇಲೆ ಮಾಣಿಕ್ಯದ ದೀಪ್ತಿಯಂತೆ, ಆಮೇಲೆ ಸ್ಫಟಿಕದ ಸಲಾಕೆಯಂತೆ ಇರಬೇಕೆಂದು ಹೇಳಿ, ಕಡೆಗೆ ‘ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು’ ಎಂದಿದೆ. ಹಾರ, ದೀಪ್ತಿ, ಸಲಾಕೆಗಳು ಚೆಲುವಿನ ಮಾತಾದರೆ ‘ಅಹುದು’ ಇರುವಿಕೆಯ ಮಾತು, ಹಾಗೆ ಇದೆ ಎಂಬ ಸಾಕ್ಷಿಯ ಮಾತು. ‘ಮೆಚ್ಚಿ’ ಎಂಬುದು ಅಲ್ಲಿ ಬರಿಯ ಪೂರ್ವಕಾಲದ ಕ್ರಿಯೆ. ವಾಕ್ಯ ಮುಗಿಯುವುದು ‘ಅಹುದಹುದೆನಬೇಕು’ ಎಂಬಲ್ಲಿ. ನಮ್ಮ ಲಿಪಿಕಾರರು ಮೆಚ್ಚುಗೆಯನ್ನು ಉಳಿಸಿಕೊಂಡು ಅಹುದನ್ನು ಬಿಟ್ಟಿದ್ದಾರೆ. ‘ಹೌದೆನಿಸಿಕೊಂಡವನು’ ಎಂಬ ನುಡಿಗಟ್ಟು ಇಂದಿಗೂ ಕಲಾವಿದರಿಗೂ ಪೈಲವಾನರಿಗೂ ಸಮನಾಗಿ ಸಲ್ಲುತ್ತದೆ. ಗೀಗಿ ಪದ ಹಾಡುವವರ ಮುಂದೆ ಕುಳಿತವರು ಸೊಲ್ಲು ಮುಗಿದೊಡನೆ ‘ಹೌದ್ಹೌದು’ ಎನ್ನುತ್ತಾರೆ. ಮೆಚ್ಚುಗೆ ನೋಡುವವನ ರುಚಿಗೆ ಸೇರಿದ್ದು. ಹೌದೆನ್ನುವುದರಲ್ಲಿ ಅವನು ತನ್ನ ಬದುಕಿನ ಅನುಭವವನ್ನು ಒರೆಗಲ್ಲಾಗಿ ಮುಂದಿಡುತ್ತಾನೆ.

ಹಿಂದುಸ್ತಾನಿ ಸಂಗೀತದವರು ಸ್ವರವನ್ನು ‘ಸಚ್ಚಾ’ ಎಂದು ಹೊಗಳುವುದು ಇದಕ್ಕೆ ಹತ್ತಿರದ ಬಳಕೆ. ಸ್ವರ ಯಾವ ಘಟನೆಯನ್ನೂ ಹೇಳದಿರುವುದರಿಂದ ಅದಕ್ಕೆ ಸುಳ್ಳು ಎಂಬುದೇ ಇರಬಾರದು. ಆದರೂ ಸ್ವರ ಸಚ್ಚಾ ಇಲ್ಲದಿದ್ದರೆ ಕೇಳುಗರು ಕ್ಷಮಿಸುವುದಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ (1913–2009) ಕಂಠ ಹೆಣ್ಣುಮಕ್ಕಳ ಹಾಡಿಕೆಯಲ್ಲಿ ಜನ ನಿರೀಕ್ಷಿಸುತ್ತಿದ್ದ ಇನಿದನಿಯಾಗಿರಲಿಲ್ಲ. ಅದು ಗಡುಸಾದ, ತಗ್ಗಿನ ದನಿ. ಇಂಪನ್ನೇ ಚೆಲುವೆಂದು ಅಳೆಯುವವರಿಗೆ ಆ ದನಿಯ ದೊಡ್ಡತನವನ್ನು ವಿವರಿಸುವುದು ಕಷ್ಟ, ‘ಖರೆ’ಯಿಂದ ಅಳೆಯುವವರಿಗೆ ವಿವರಣೆಯೇ ಬೇಕಾಗಿಲ್ಲ.

ಇಷ್ಟನ್ನು ಮುಂದಿಟ್ಟು ಕೇಳುವುದು ಇವು. ಹಾವೇರಿ, ರಾಣೇಬೆನ್ನೂರು, ಶಿಗ್ಗಾಂವಿ ಕಡೆಯ ಆಟದವರಲ್ಲಿ ಪಾರ್ಟು ಚೆನ್ನಾಗಿ ಆಗದಿದ್ದಾಗ ‘ಖೊಟ್ಟಿ’ ಎನ್ನುವ ರೂಢಿ ಇದೆಯೇ, ಇಲ್ಲವಾದರೆ ಯಾವ ಪದ ಬಳಸುತ್ತಾರೆ? ಮುಂಡರಗಿ, ರೋಣದ ಸುತ್ತ ‘ಬೆಡಗು’ ಆಡುಮಾತಿನಲ್ಲಿ ಇನ್ನೂ ಉಳಿದಿದ್ದರೆ ಅದು ಹೊಗಳಿಕೆಯೋ ನಿಂದೆಯೋ? ದೊಡ್ಡಾಟದ ಹಳೆಯ ಕೈಬರಹದ ಪ್ರತಿಗಳನ್ನು ನೋಡಿದವರು, ಅವುಗಳಲ್ಲಿ ‘ಸೋಗು’ ಎಂಬ ಪದ ಪಾತ್ರವನ್ನು ಸೂಚಿಸಲು ಬಂದಿದೆಯೇ ಎಂದು ತಿಳಿಸಿದರೆ ದೊಡ್ಡ ಉಪಕಾರ. ಸದ್ಯಕ್ಕೆ ನಾನು ಕರಡಿನಲ್ಲಿ ‘ಸೋಗು ಬರಿಯ ಚೆಂದವಿದ್ದರೆ ಏನೂ ಆಗದು, ಖರೆಯೆನಿಸಬೇಕು, ಜನ ಹೌದೆನ್ನಬೇಕು’ ಎಂದು ತಿದ್ದಿದ್ದೇನೆ. ಮೈಸೂರು, ಮಂಗಳೂರು ಕಡೆಯ ಓದುಗರಿಗೆ ಇಲ್ಲಿಯ ‘ಖರೆ’ ಅಡಿಟಿಪ್ಪಣಿಯಿಲ್ಲದೆ ತಿಳಿಯುತ್ತದೆಯೇ ಎಂಬುದನ್ನು ಆ ಕಡೆಯವರೇ ಹೇಳಬೇಕು.