ಭಾನುವಾರದ ಸಿನಿಮಾ: ಅವರಿಬ್ಬರು ನಗುವಾಗ ಮೂರನೆಯವರ ಮುಖ ನೋಡಿ

ಹಾಂ, ಎಲ್ಲರಿಗೂ ನಮಸ್ಕಾರ. ಭಾನುವಾರ ಒಟ್ಟಿಗೆ ಸಿನಿಮಾ ನೋಡಿದ ರಾತ್ರಿಯಿಂದ ನಮ್ಮ ಗುಂಪಿನಲ್ಲಿ ಬಿದ್ದ ಮಾತೆಲ್ಲ ಓದಿದೆ. ಟೈಪ್ ಮಾಡ್ಲಿಕ್ಕೆ ಕೂತ್ರೆ ಸಂಜೆಯಾಗ್ತದೆ, ಅದಕ್ಕೆ ವಾಯ್ಸ್ ಮೆಸೇಜು. ಉದ್ದ ಉಂಟು, ಬೇಕಾದ್ರೆ ಒಂದೂವರೆ ಸ್ಪೀಡಿಗಿಟ್ಟು ಕೇಳಿ. ದೊಡ್ಡಮ್ಮ, ನೀವು ಮಾತ್ರ ನಿಧಾನಕ್ಕೇ ಕೇಳಿ, ನಿಮ್ಮ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು.

ಬರದೇ ಇದ್ದವರಿಗೆ ಇಷ್ಟು ಹೇಳಿಬಿಡ್ತೇನೆ. ಹಾಕಿದ್ದು 'ಸೆಲೆಸ್ಟ್ ಅಂಡ್ ಜೆಸ್ಸಿ ಫಾರೆವರ್', 2012ರದ್ದು, ಒಂದೂವರೆ ತಾಸು. ಲಾಸ್ ಏಂಜಲೀಸ್‌ನ ಗಂಡ ಜೆಸ್ಸಿ, ಹೆಂಡತಿ ಸೆಲೆಸ್ಟ್, ಬೇರೆಯಾಗಿ ಆರು ತಿಂಗಳು. ಬೇರೆ ಅಂದ್ರೂ ಅವನು ಅವಳ ಮನೆ ಹಿಂದಿನ ಸ್ಟುಡಿಯೋದಲ್ಲೇ ಬಿಡಾರ ಹೂಡಿದ್ದಾನೆ, ದಿನ ಬೆಳಗಾದ್ರೆ ಇಬ್ಬರೂ ಒಟ್ಟಿಗೇ. ಅವನಿಂದ ಇನ್ನೊಬ್ಬಳು ಬಸುರಿ ಅಂತ ಗೊತ್ತಾದಲ್ಲಿಂದ ಆ ಸ್ನೇಹದ ಹೊಲಿಗೆ ಬಿಡ್ತಾ ಹೋಗ್ತದೆ. ರಶೀದಾ ಜೋನ್ಸ್ ಮತ್ತು ಆಂಡಿ ಸ್ಯಾಂಬರ್ಗ್ ಜೋಡಿ, ನಿರ್ದೇಶಕ ಲೀ ಟೊಲಂಡ್ ಕ್ರೀಗರ್. ಬರೆದವರು ರಶೀದಾ ಜೋನ್ಸ್ ಮತ್ತು ವಿಲ್ ಮೆಕಾರ್ಮ್ಯಾಕ್. ಗಾಂಜಾ ಮಾರುವವನಾಗಿ ಬರ್ತಾನಲ್ಲ, ಅವನೇ ಮೆಕಾರ್ಮ್ಯಾಕ್. ಬರೆದ ಆ ಇಬ್ಬರೂ ಒಂದು ಕಾಲಕ್ಕೆ ಸ್ವಲ್ಪ ದಿನ ಜೋಡಿಯಾಗಿದ್ದು, ಆಮೇಲೆ ಸ್ನೇಹಿತರಾಗಿ ಉಳಿದವರು. ಹಾಗಾಗಿ ಇದು ಕೂತಲ್ಲೇ ಕಟ್ಟಿದ ಕತೆ ಅಲ್ಲ.

ಶೆಟ್ರು ಬರೆದಿದ್ದಾರೆ: 'ಕಾಮಿಡಿ ಅಂದ್ರಿ, ಅರ್ಧ ಆದ್ಮೇಲೆ ನಗುವೇ ಬರ್ಲಿಲ್ಲ'. ಶೆಟ್ರೇ, ನಗು ಬರದ ಹಾಗೇ ಮಾಡಿದ್ದಾರೆ ಅವರು. ರೆಸ್ಟೋರೆಂಟಿನ ದೃಶ್ಯ ನೆನಪು ಮಾಡ್ಕೊಳ್ಳಿ. ಮೇಜಿನ ಈಚೆ ಸೆಲೆಸ್ಟ್ ಮತ್ತು ಜೆಸ್ಸಿ, ಆಚೆ ಮದುವೆ ನಿಶ್ಚಯವಾದ ಗೆಳೆಯರು ಬೆತ್ ಮತ್ತು ಟಕರ್. ಇವರಿಬ್ಬರೂ ಜರ್ಮನ್ನರ ಹಾಗೆ ನಾಲಗೆ ತಿರುಚಿ ಮೆನು ಓದ್ತಾ ನಗ್ತಾರೆ. ನಮಗೂ ನಗು ಬರ್ತದೆ. ಆಗ ಬೆತ್‌ಗೆ ತಡೀಲಿಕ್ಕಾಗದೆ ಸಿಡಿದು ಎದ್ದು ಹೋಗ್ತಾಳೆ: ಬೇರೆಯಾದವರು ದಿನಾ ಹೀಗೆ ಒಟ್ಟಿಗಿರುವುದು ಎಂಥ ವಿಚಿತ್ರ ಅಂತ. ಆವರೆಗೆ ಇವರು ಬೇರೆಯಾದವರು ಅನ್ನುವುದೇ ನಮಗೆ ಗೊತ್ತಿರುವುದಿಲ್ಲ. ಅದನ್ನು ಮುಚ್ಚಿಟ್ಟು ನಮ್ಮ ಕೈಲಿ ನಗಿಸಿಕೊಂಡು, ಆಮೇಲೆ ಬೆತ್‌ಳ ಕುರ್ಚಿ ಮೇಲೆ ನಮ್ಮನ್ನು ಕೂರಿಸ್ತಾರೆ. ಅಲ್ಲಿಂದ ಮುಂದೆ ಅವರ ಅದೇ ತಮಾಷೆ ಕೇಳಿದ್ರೆ ಹೊಟ್ಟೆಯಲ್ಲಿ ಒಂಥರಾ ಆಗ್ತದೆ.

ಯಕ್ಷಗಾನ ನೋಡಿದವರಿಗೆ ಇದು ಹೊಸತಲ್ಲ. ಹಾಸ್ಯಗಾರ ಒಬ್ಬನೇ ರಂಗಕ್ಕೆ ಬಂದ್ರೆ ಐದು ನಿಮಿಷ ನಗಿಸಬಹುದು. ನಗು ಕಟ್ಟುವುದು ಪಕ್ಕದಲ್ಲಿ ರಾಜವೇಷ ಬಿಗಿಮೋರೆಯಲ್ಲಿ ನಿಂತಾಗ. ಯಕ್ಷಗಾನಕ್ಕೆ ಹೆಸರಾದ ಕರ್ಕಿಯ ಹಾಸ್ಯಗಾರ ಮನೆತನದ ಊರಿನ ಹತ್ತಿರ ಇದ್ದುಕೊಂಡು ಇದನ್ನು ನಿಮಗೆ ನಾನು ಬಿಡಿಸಿ ಹೇಳುವುದು ಹೆಚ್ಚಾಯ್ತು. ಈ ಸಿನಿಮಾದಲ್ಲಿ ರಾಜವೇಷ ಬೆತ್. ಇನ್ನೊಂದ್ಸಲ ನೋಡುವಾಗ ಒಂದು ಕೆಲಸ ಮಾಡಿ: ಇವರಿಬ್ಬರು ನಗುವಾಗಲೆಲ್ಲ ಫ್ರೇಮಿನಲ್ಲಿ ಮೂರನೆಯವರು ಯಾರಿದ್ದಾರೆ, ಅವರ ಮುಖ ಹೇಗಿದೆ ನೋಡಿ. ಕತೆ ಪೂರ್ತಿ ಆ ಮುಖಗಳಲ್ಲಿ ಉಂಟು. (ಕಾರಿನೊಳಗೆ ಲಿಪ್ ಬಾಮ್ ಟ್ಯೂಬು ಹಿಡಿದು ಮಾಡುವ ಪೋಲಿ ತಮಾಷೆಯನ್ನು ದೊಡ್ಡಮ್ಮ ಇರುವ ಗುಂಪಿನಲ್ಲಿ ಬಿಡಿಸಿ ಹೇಳುವುದಿಲ್ಲ. ಅದೂ ಇಬ್ಬರಿಗೇ ಸೇರಿದ್ದು, ಅಷ್ಟು ಸಾಕು.)

ಈಗ ದೊಡ್ಡಮ್ಮನ ಪ್ರಶ್ನೆ: 'ಇಷ್ಟು ಹೊಂದಾಣಿಕೆ ಇದ್ದವರು ಬೇರೆ ಎಂತಕ್ಕಾದ್ರು?' ದೊಡ್ಡಮ್ಮ, ಸಿನಿಮಾ ಇದನ್ನು ಉದ್ದಕ್ಕೆ ಬಿಡಿಸಿ ಹೇಳುವುದಿಲ್ಲ, ಆದರೆ ಉತ್ತರ ಆ ಮನೆಯಲ್ಲೇ ಇಟ್ಟಿದ್ದಾರೆ. ಅವಳಿಗೆ ಕಂಪನಿ ಉಂಟು, ಪುಸ್ತಕ ಬಂದಿದೆ, ಮುಂದೆ ಜನಕ್ಕೆ ಎಂಥದ್ದು ಹಿಡಿಸ್ತದೆ ಅಂತ ಮೊದಲೇ ಹೇಳುವುದೇ ಅವಳ ಉದ್ಯೋಗ. ಅವನು ಚಿತ್ರ ಬರೆಯುವವನು, ಕೈಯಲ್ಲಿ ಕೆಲಸವಿಲ್ಲ, ಹಿತ್ತಲಲ್ಲಿ ಇದ್ದಾನೆ. ಹೆಂಡತಿಗೆ ಅವನು ಗೆಳೆಯನಾಗಿ ಬೇಕು, ತನ್ನ ಮಗುವಿನ ಅಪ್ಪನಾಗಿ ಅವನನ್ನು ಎಣಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಆಮೇಲೆ ಬೆಲ್ಜಿಯಂನ ವೆರೋನಿಕಾ ಬಸುರಿ ಅಂತ ಗೊತ್ತಾದ ಕೂಡಲೇ ಅದೇ ಮನುಷ್ಯ ನೆಟ್ಟಗಾಗ್ತಾನೆ. ಸೆಲೆಸ್ಟ್‌ಗೆ ಉರಿ ಹತ್ತಿದ್ದು ಅಲ್ಲಿ. ಗಂಡ ಹೋದ ಅನ್ನುವುದಕ್ಕಿಂತ, ತನ್ನ ಹತ್ತಿರ ಆಗದ ಮನುಷ್ಯ ಅವಳ ಹತ್ತಿರ ಹೇಗಾದ ಅನ್ನುವುದು.

ತಮ್ಮ ಒಬ್ಬ ಬರೆದಿದ್ದಾನೆ, 'ಎಲ್ಲಾ ಹುಡುಗಿಯದೇ ತಪ್ಪು, ಜೆಸ್ಸಿ ಪಾಪ' ಅಂತ. ಅರ್ಧ ಒಪ್ತೇನೆ. ಅವಳಿಗೆ ತಾನೇ ಸರಿ ಅನ್ನುವ ಚಟ ಉಂಟು. ಆದರೆ ಜೆಸ್ಸಿ ಸುಮ್ಮನೆ ಪಾಪ ಅಲ್ಲ ಮಾರಾಯ. ಬಿಡಿ ಬಿಡಿ ಭಾಗಗಳಾಗಿ ಬರುವ ಐಕಿಯಾ ಪೀಠೋಪಕರಣ ಜೋಡಿಸುವ ರಾತ್ರಿ ನೋಡು. ಎರಡು ಜೋಡಿ ಕೈ ಬೇಕಾಗುವ ಕೆಲಸ, ಪಕ್ಕದಲ್ಲಿ ವೈನು, ಹಳೇ ಸಲಿಗೆ. ಆ ರಾತ್ರಿ ಇಬ್ಬರೂ ಗಡಿ ದಾಟ್ತಾರೆ, ಬೆಳಿಗ್ಗೆ ಒಬ್ಬರ ಲೆಕ್ಕ ಒಂದು, ಇನ್ನೊಬ್ಬರ ಲೆಕ್ಕ ಇನ್ನೊಂದು. ಕ್ಯಾಲಿಫೋರ್ನಿಯಾದಲ್ಲಂತೂ 1970ರಿಂದಲೇ ವಿಚ್ಛೇದನಕ್ಕೆ ಯಾರ ತಪ್ಪು ಅಂತ ಸಾಬೀತು ಮಾಡಬೇಕಾಗಿಲ್ಲ, ಹೊಂದಾಣಿಕೆ ಆಗ್ಲಿಲ್ಲ ಅಂದ್ರೆ ಸಾಕು. ಕೋರ್ಟೇ ಕೇಳದ ಪ್ರಶ್ನೆಯನ್ನು ನಾವು ಇಲ್ಲಿ ಚಹಾ ಕುಡೀತಾ ಕೇಳ್ತಾ ಇದ್ದೇವೆ.

ಹೆಗಡೇರು ಕೇಳಿದ್ದು ಕಾನೂನಿನದ್ದು: ಸಹಿ ಹಾಕ್ಲಿಕ್ಕೆ ಕೊನೇ ದೃಶ್ಯದವರೆಗೆ ಎಂತಕ್ಕೆ ಎಳೆದ್ರು, ನಮ್ಮಲ್ಲಿ ಆದ್ರೆ ಹೇಗೆ? ಅಲ್ಲಿ ಅರ್ಜಿಯ ಪ್ರತಿ ಎದುರಿನವರ ಕೈ ಸೇರಿದ ದಿನದಿಂದ ಕನಿಷ್ಠ ಆರು ತಿಂಗಳು ಕಾಯಲೇಬೇಕು. ಅದಕ್ಕಿಂತ ತಡ ಆದದ್ದು ಇವರ ಮನಸ್ಸಿನದ್ದು. ನಮ್ಮಲ್ಲಿ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಮು ಉಂಟು, ಇಬ್ಬರೂ ಒಪ್ಪಿ ಬೇರೆಯಾಗುವುದು. ಒಂದು ವರ್ಷ ಬೇರೆ ಬಾಳಿರಬೇಕು, ಆಮೇಲೆ ಜಂಟಿ ಅರ್ಜಿ, ಅದಾಗಿ 6 ತಿಂಗಳ ನಂತರ, 18 ತಿಂಗಳೊಳಗೆ ಮತ್ತೆ ಇಬ್ಬರೂ ಬಂದು ಹೌದು ಅನ್ನಬೇಕು. ಆ ನಡುವೆ ಒಬ್ಬರು ಒಲ್ಲೆ ಅಂದ್ರೆ ಮುಗೀತು, ಆ ದಾರಿ ಮುಚ್ಚಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಆರು ತಿಂಗಳನ್ನು ನ್ಯಾಯಾಲಯ ಬಿಡಬಹುದು ಅಂದಿದೆ, ಆದರೆ ಸುಮ್ಮನೆ ಅಲ್ಲ, ಆಗ ಹೇಳಿದ ಷರತ್ತು ಇವು. ಮೊದಲ ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿಗೆ ಮಾಡಿದ ಪ್ರಯತ್ನ ಮುಗಿದಿರಬೇಕು, ಜೀವನಾಂಶ ಮತ್ತು ಮಕ್ಕಳ ಮಾತು ಇತ್ಯರ್ಥ ಆಗಿರಬೇಕು.

ನೋಡಿದವರಿಗೆ ಖುಷಿ ಆಗುವ ವಿಷಯ ಇನ್ನೊಂದು. ಬೇರೆ ಬಾಳುವುದು ಅಂದ್ರೆ ಬೇರೆ ಮನೆ ಅಂತಲ್ಲ. ಗಂಡ ಹೆಂಡತಿಯಾಗಿ ಬಾಳದೆ ಒಂದೇ ಸೂರಿನಡಿ ಇದ್ರೂ ಅದು ಬೇರೆಯೇ ಅಂತ 1991ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಜೆಸ್ಸಿ ಹಿತ್ತಲ ಸ್ಟುಡಿಯೋದಲ್ಲಿ ಇದ್ದದ್ದು ನಮ್ಮಲ್ಲೂ ಅಡ್ಡಿಯಲ್ಲ. ಆ ಐಕಿಯಾ ರಾತ್ರಿಗೆ ಮಾತ್ರ ವಕೀಲರು ತಲೆ ಕೆರೆದುಕೊಳ್ಬೇಕು.

ಸೆಲೆಸ್ಟ್ ಕಂಪನಿಯ ಗಿರಾಕಿ, ಪಾಪ್ ಹಾಡುಗಾರ್ತಿ ರೈಲಿಯ ಕತೆ ಬೇಡವಾಗಿತ್ತು ಅಂತ ನಾಲ್ಕು ಜನ ಹೇಳಿದ್ದೀರಿ. ಒಪ್ಪಿದೆ. ಆಫೀಸಿನ ದೃಶ್ಯಗಳು ಬೇರೆ ಯಾವುದೋ ಸಿನಿಮಾದಿಂದ ತಂದು ಅಂಟಿಸಿದ ಹಾಗೆ ಕಾಣ್ತದೆ.

ಇನ್ನು ಮಕ್ಕಳಿಗೆ. ದೀಪಾವಳಿ ರಜೆಯಲ್ಲಿ ಶಿರಸಿಯಲ್ಲೇ ಇಂಥದ್ದೊಂದು ಹದಿನೈದು ನಿಮಿಷದ ಕಿರುಚಿತ್ರ ಮಾಡ್ತೇವೆ ಅಂದಿದ್ದೀರಿ, ಟೀಚರ್ ಅಕ್ಕೋರೂ ಹೂಂ ಅಂದಿದ್ದಾರೆ. ಈ ಸಿನಿಮಾಕ್ಕೂ ದುಡ್ಡಿನ ಕಷ್ಟ ಇತ್ತು. ಸ್ಕ್ರಿಪ್ಟ್ ಕೊಂಡ ಫಾಕ್ಸ್ ಅಟಾಮಿಕ್ ಅನ್ನುವ ಸಂಸ್ಥೆಯೇ ಮುಚ್ಚಿತು, ಕೊನೆಗೆ ಹತ್ತು ಲಕ್ಷ ಡಾಲರಿಗಿಂತ ಕಡಿಮೆಯಲ್ಲಿ ಮುಗಿಸಿದ್ರು. ಅಲ್ಲಿನ ಲೆಕ್ಕಕ್ಕೆ ಅದು ಚಿಲ್ಲರೆ. ಮನೆ, ಕಾರು, ರೆಸ್ಟೋರೆಂಟು, ಹೆಚ್ಚಿನ ಕತೆ ಅಷ್ಟರಲ್ಲೇ ನಡೀತದೆ. ನೀವೂ ಹಾಗೇ ಮಾಡಿ: ಒಂದು ಮನೆ, ಒಂದು ಹೋಟೆಲ್ ಮೇಜು, ನಾಲ್ಕು ಪಾತ್ರ, ಜೊತೆಗೊಬ್ಬ ಮಾಣಿ. ಬೀಚಿಗೆ ಹೋಗಿ ಸೂರ್ಯಾಸ್ತ ತೆಗೀತೇವೆ ಅನ್ಬೇಡಿ. ಗಾಳಿಗೆ ಮಾತು ಕೇಳುವುದಿಲ್ಲ, ಬೆಳಕು ಇಪ್ಪತ್ತು ನಿಮಿಷದಲ್ಲಿ ಹೋಗ್ತದೆ, ಒಂದು ಡೈಲಾಗು ತಪ್ಪಿದ್ರೆ ಮತ್ತೆ ನಾಳೆ.

ಮೊದಲು ಅವರಿಬ್ಬರ ಗುಟ್ಟಿನ ತಮಾಷೆ ಯಾವುದು ಅಂತ ಗಟ್ಟಿ ಮಾಡಿ. ಜರ್ಮನ್ ನಾಲಗೆ ಕದೀಬೇಡಿ. ಹೋಟೆಲಿನಲ್ಲಿ ಮಾಣಿ 'ಬನ್ಸು, ಅವಲಕ್ಕಿ, ಶಿರಾ' ಅಂತ ಒಂದೇ ಉಸಿರಿಗೆ ಹೇಳಿದ ಪಟ್ಟಿಯನ್ನು ಗಂಡ ಭಾಗವತರ ಧಾಟಿಯಲ್ಲಿ ಎತ್ತಿ ಹಾಡ್ತಾನೆ, ಹೆಂಡತಿ ಮೇಜಿನ ಮೇಲೆ ಬೆರಳಲ್ಲಿ ಮದ್ದಳೆ ಬಾರಿಸ್ತಾಳೆ. ಇದನ್ನು ಮೂರು ಸಲ ತನ್ನಿ. ಮೊದಲ ಸಲ ಇಬ್ಬರೇ. ಎರಡನೇ ಸಲ ಗೆಳತಿಯ ಎದುರು, ಅವಳು ನಗಬಾರದು. ಮೂರನೇ ಸಲ ಹೆಂಡತಿಯ ಎದುರು ಹೊಸಬ ಕೂತಿರ್ತಾನೆ, ಮಾಣಿ ಪಟ್ಟಿ ಹೇಳ್ತಾನೆ, ಅವಳ ಬೆರಳು ಮೇಜಿನ ಮೇಲೆ ಎರಡು ಸಲ ತಟ್ಟಿ ನಿಲ್ತದೆ. ನಾಲ್ಕನೇ ಸಲ ತಂದ್ರೆ ಹಳಸ್ತದೆ.

ಶೂಟ್ ಮಾಡುವಾಗ ಕಾಮಿಡಿ ಹಾಳಾಗುವುದು ಕಟ್ಟಿಂಗಿನಲ್ಲಿ. ನಗು ಬರುವ ಮಾತಿಗೆ ಇಬ್ಬರನ್ನೂ ಒಂದೇ ಫ್ರೇಮಿನಲ್ಲಿಡಿ, ಮಾತು ಮುಗಿದ ಮೇಲೂ ಎರಡು ಸೆಕೆಂಡು ಕ್ಯಾಮೆರಾ ಬಿಡಿ, ಪ್ರತಿಕ್ರಿಯೆ ಬರುವುದು ಆಗಲೇ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹತ್ತುವುದನ್ನು ಇಬ್ಬರ ಶಾಟಿನಲ್ಲಿ ಮಾತ್ರ ಮಾಡಿ. ಒಬ್ಬೊಬ್ಬರ ಕ್ಲೋಸಪ್ ತೆಗೆಯುವಾಗ ಎದುರಿನವರು ಇವರ ಮಾತು ಪೂರ್ತಿ ಮುಗಿಯುವವರೆಗೆ ಬಾಯಿ ಮುಚ್ಚಿ ಕೂರಬೇಕು. ಇಲ್ಲದಿದ್ರೆ ಇಬ್ಬರ ದನಿ ಒಂದರೊಳಗೊಂದು ಸೇರಿ ಎಡಿಟಿಂಗಿನಲ್ಲಿ ಬಿಡಿಸ್ಲಿಕ್ಕೆ ಬರುವುದಿಲ್ಲ.

ಮೊಬೈಲಿನಲ್ಲಿ ತೆಗೆಯುವವರು ಇದನ್ನು ಬರೆದಿಟ್ಟುಕೊಳ್ಳಿ: ಸೆಕೆಂಡಿಗೆ 25 ಫ್ರೇಮು, ಶಟರ್ ಸೆಕೆಂಡಿನ ಐವತ್ತನೇ ಒಂದು ಭಾಗ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗ್ತದೆ. 30 ಫ್ರೇಮಿಗೆ ಅರವತ್ತನೇ ಒಂದು ಶಟರ್ ಇಟ್ರೆ ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಗೋಡೆ ಮೇಲೆ ಪಟ್ಟಿ ಪಟ್ಟಿ ಹರಿದಾಡ್ತದೆ. ಐಫೋನ್ ಆದ್ರೆ ಸೆಟ್ಟಿಂಗಿನಲ್ಲಿ ಪಾಲ್ (PAL) ಫಾರ್ಮ್ಯಾಟ್ ಆನ್ ಮಾಡಿದ ಮೇಲೆ 25 ಕಾಣ್ತದೆ.

ಸೌಂಡಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ. ದೀಪಾವಳಿ ಹೊತ್ತಿಗೆ ಹೆಚ್ಚಾಗಿ ಮಳೆ ಬಿಟ್ಟಿರ್ತದೆ, ಆದರೆ ಸಂಜೆಗೊಂದು ಜೀರುಂಡೆ ಶುರುವಾಗ್ತದೆ. ಕಿವಿಗೆ ಅಭ್ಯಾಸ ಆದದ್ರಿಂದ ಆಗ ಗೊತ್ತೇ ಆಗುವುದಿಲ್ಲ. ಅವನ ಶಾಟು ಆರು ಗಂಟೆಗೆ, ಅವಳದ್ದು ಏಳೂವರೆಗೆ ತೆಗೆದು ಜೋಡಿಸಿದ್ರೆ ಅವನು ಮಾತಾಡುವಾಗ ನಿಶ್ಶಬ್ದ, ಅವಳು ಬಾಯಿ ಬಿಟ್ರೆ ಕಾಡು. ಹಾಗಾಗಿ ಒಂದು ದೃಶ್ಯದ ಎರಡೂ ಕಡೆಯ ಶಾಟು ಒಂದೇ ತಾಸಿನೊಳಗೆ ಮುಗಿಸಿ, ಕೊನೆಗೆ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಆ ಕೋಣೆಯ ಬರೀ ಸದ್ದು ರೆಕಾರ್ಡ್ ಮಾಡಿ. ತೇಪೆ ಹಚ್ಚಲಿಕ್ಕೆ ಅದೇ ಬೇಕು. ಫ್ರಿಜ್ಜು ಬಂದ್ ಮಾಡಿ, ಮಾಡಿದವರು ಕಾರಿನ ಕೀಲಿ ಫ್ರಿಜ್ಜಿನೊಳಗಿಡಿ. ಕೀಲಿ ತೆಗೀಲಿಕ್ಕೆ ಹೋದಾಗ ಆನ್ ಮಾಡುವ ನೆನಪಾಗ್ತದೆ, ಇಲ್ಲದಿದ್ರೆ ಮನೆಯವರ ಹಾಲು ಒಡೀತದೆ.

ಕಾಲರ್ ಮೈಕು ಗದ್ದದಿಂದ ಒಂದು ಗೇಣು ಕೆಳಗೆ, ಹತ್ತಿ ಬಟ್ಟೆ ಮೇಲೆ. ನೈಲಾನು, ರೇಷ್ಮೆ ಆದ್ರೆ ಸರಬರ ಸದ್ದು. ಹೆಂಗಸಿನ ಪಾತ್ರಕ್ಕೆ ಕರಿಮಣಿ ಹಾಕಿದ್ರೆ ಅದು ಮೈಕಿಗೆ ತಾಗಿ ಟಕ್ ಟಕ್ ಅನ್ನುತ್ತಲೇ ಇರ್ತದೆ. ಮೈಕನ್ನು ಭುಜದ ಕಡೆ ಸರಿಸಿದ್ರೆ ಸದ್ದು ಹೋಗ್ತದೆ, ಅದು ದೊಡ್ಡ ವಿಷಯ ಅಲ್ಲ. ಆದರೆ ಅದಕ್ಕೂ ಮುಂಚೆ ಕೂತು ತೀರ್ಮಾನ ಮಾಡಿ: ಬೇರೆಯಾಗಿ ಆರು ತಿಂಗಳಾದವಳ ಕೊರಳಲ್ಲಿ ಕರಿಮಣಿ ಉಂಟಾ, ಇಲ್ಲವಾ? ಉಂಟು ಅಂದ್ರೆ ಒಂದು ಕತೆ. ಇಲ್ಲ ಅಂದ್ರೆ, ಅಮ್ಮನ ಮನೆಗೆ ಹೋಗುವಾಗ ಮಾತ್ರ ಹಾಕಿಕೊಳ್ತಾಳಾ? ಲಾಸ್ ಏಂಜಲೀಸಿನವರಿಗೆ ಸಿಗದ ಸಾಮಾನು ಇದು, ಬಿಡ್ಬೇಡಿ. ಹೋಟೆಲ್ ಮೇಜಿನ ಕೆಳಗೆ ಅದನ್ನು ಬಿಚ್ಚಿ ಪರ್ಸಿಗೆ ಹಾಕುವ ಒಂದೇ ಶಾಟು ಸಾಕು, ಡೈಲಾಗು ಬೇಡ.

ಸ್ಕ್ರಿಪ್ಟ್ ಬರೆದು ಮೊದಲು ಗಟ್ಟಿಯಾಗಿ ಓದಿ, ಗಡಿಯಾರ ಇಟ್ಟು. ಪುಟಕ್ಕೊಂದು ನಿಮಿಷ ಅನ್ನುವ ಲೆಕ್ಕ ಇಂಗ್ಲಿಷ್ ಸ್ಕ್ರಿಪ್ಟಿನದ್ದು, ನಮ್ಮ ಕಡೆಯ ಮಾತಿಗೆ ಕೂಡುವುದಿಲ್ಲ. ಓದಿ ಹನ್ನೆರಡು ನಿಮಿಷ ಆದ್ರೆ ಸರಿ, ಉಳಿದ ಮೂರು ಆ ಎರಡೆರಡು ಸೆಕೆಂಡುಗಳಿಗೆ ಹೋಗ್ತದೆ.

ಅಕ್ಕೋರೇ, ಹೋಟೆಲಿನವರ ಹತ್ತಿರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಕೇಳಿ, ಊಟ ಮುಗಿದು ಸಂಜೆ ತಿಂಡಿ ಶುರುವಾಗುವ ಮುಂಚೆ. ಗ್ರೈಂಡರ್ ಯಾವಾಗ ತಿರುಗ್ತದೆ ಅಂತಲೂ ಕೇಳಿಕೊಂಡೇ ದಿನ ಗೊತ್ತು ಮಾಡಿ.